ಸೊಸೈಟಿ ತೋಟದ ಖರ್ಚು: ಬಿಲ್ಲಿನ ತಕರಾರು ಬಗೆಹರಿಸಿಕೊಳ್ಳುವುದು ಹೇಗೆ?

ಲಿಫ್ಟು, ಪಂಪು, ಮೆಟ್ಟಿಲಿನ ದೀಪ ಆಯಾ ಕಟ್ಟಡದ್ದು. ಅದರ ಖರ್ಚು ಯಾರು ಕೊಡಬೇಕೆಂಬ ಗೊಂದಲವಿಲ್ಲ. ನಾಲ್ಕೈದು ಕಟ್ಟಡಗಳ ನಡುವಿನ ಹುಲ್ಲುಹಾಸು, ಮರಗಿಡ, ಮಕ್ಕಳ ಜೋಕಾಲಿಯ ಜಾಗ ಮಾತ್ರ ಎಲ್ಲರಿಗೂ ಸೇರಿದ್ದು. ಪುಣೆಯ ದೊಡ್ಡ ವಸತಿ ಸಂಕೀರ್ಣಗಳಲ್ಲಿ ತಕರಾರು ಏಳುವುದು ಇಲ್ಲಿ. ಬಿಲ್ಲು ಕೈಗೆ ಬಂದ ಕೂಡಲೇ ‘ಇಷ್ಟೇಕೆ?’ ಎಂದು ಕೇಳುತ್ತೇವೆ. ಅದು ಮೂರನೆಯ ಪ್ರಶ್ನೆ. ಜಾಗ ಯಾರದು ಎಂಬುದು ಮೊದಲನೆಯದು, ಖರ್ಚು ಹಂಚಿದ್ದು ಹೇಗೆ ಎಂಬುದು ಎರಡನೆಯದು. ಈ ಎರಡು ತಿಳಿಯದೆ ಮೊತ್ತದ ಬಗ್ಗೆ ವಾದಿಸಿದರೆ ಸಭೆಯಲ್ಲಿ ಗಂಟಲು ನೋಯುವುದಷ್ಟೇ ಉಳಿಯುತ್ತದೆ.

ಮೊದಲು ಜಾಗ. ಮಂಜೂರಾದ ಲೇಔಟ್ ನಕ್ಷೆ ಬೇಕು. ಯೋಜನೆ ಮಹಾರೇರಾದಲ್ಲಿ (ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾಗಿದ್ದರೆ ಅದರ ಜಾಲತಾಣದಲ್ಲಿ ಹುಡುಕಿ. ಹಳೆಯದಾದರೆ ಪಾಲಿಕೆಯ ಕಟ್ಟಡ ಅನುಮತಿ ವಿಭಾಗಕ್ಕೆ ಆರ್‌ಟಿಐ ಅರ್ಜಿ ಹಾಕಿ. ಬಾಣೇರ್‌ನವರು ಪುಣೆ ಪಾಲಿಕೆಗೆ, ವಾಕಡ್‌ನವರು ಪಿಂಪ್ರಿ-ಚಿಂಚ್‌ವಡ್ ಪಾಲಿಕೆಗೆ ಹೋಗಬೇಕು. ಜೊತೆಗೆ ಸಾತ್‌ಬಾರಾ ಉತಾರಾ (ನಮ್ಮ ಕಡೆಯ ಪಹಣಿ ಇದ್ದಂತೆ) ಅಥವಾ ಪ್ರಾಪರ್ಟಿ ಕಾರ್ಡ್ ತೆಗೆಸಿ.

ನಕ್ಷೆಯಲ್ಲಿ ‘ಓಪನ್ ಸ್ಪೇಸ್’, ‘ಅಮೆನಿಟಿ ಸ್ಪೇಸ್’ ಎಂಬ ಎರಡು ಹೆಸರು ಕಾಣಬಹುದು. ಓಪನ್ ಸ್ಪೇಸ್ ಲೇಔಟಿನ ನಿವಾಸಿಗಳ ಬಳಕೆಗೆ ಬಿಟ್ಟದ್ದು. 2020ರ ಏಕೀಕೃತ ಅಭಿವೃದ್ಧಿ ನಿಯಮಾವಳಿಯಂತೆ 4,000 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ನಿವೇಶನದಲ್ಲಿ ಇದಕ್ಕೆ 10% ಜಾಗ ಬಿಡಬೇಕು. ಅಮೆನಿಟಿ ಸ್ಪೇಸ್ ಸಾರ್ವಜನಿಕ ಸೌಲಭ್ಯಕ್ಕೆಂದು ಬಿಟ್ಟದ್ದು. ಅದು ಪಾಲಿಕೆಗೆ ಹಸ್ತಾಂತರವಾಗಿದ್ದರೆ ಅಲ್ಲಿಯ ಹುಲ್ಲಿಗೆ ನೀವು ದುಡ್ಡು ಕೊಡಬೇಕಾದ್ದಿಲ್ಲ. ಗೇಟಿನ ಒಳಗಿದೆ ಎಂಬ ಒಂದೇ ಕಾರಣಕ್ಕೆ ಜಾಗ ನಿಮ್ಮದಾಗುವುದಿಲ್ಲ.

ಇನ್ನು ಹಂಚಿಕೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಚದರಡಿಗಿಷ್ಟು ಎಂದು ಕೊಟ್ಟು ರೂಢಿಯಾದವರು ಇಲ್ಲಿ ಎಡವುತ್ತಾರೆ. ನಿಮ್ಮದು 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆಯಡಿ ನೋಂದಾಯಿತ ಹೌಸಿಂಗ್ ಸೊಸೈಟಿಯಾದರೆ, ಮಾದರಿ ಉಪವಿಧಿಯಂತೆ (ಬೈಲಾ) ಸರ್ವಿಸ್ ಚಾರ್ಜ್ ಎಲ್ಲ ಮನೆಗಳಿಗೂ ಸಮ. ಸರ್ವಿಸ್ ಚಾರ್ಜಿನ ಪಟ್ಟಿಯಲ್ಲಿ ವಾಚ್‌ಮನ್, ಲಿಫ್ಟ್‌ಮನ್ ಜೊತೆ ಮಾಲಿಯ ಸಂಬಳವೂ ಹೆಸರಿಟ್ಟೇ ಇದೆ. ವೀನಸ್ ಸೊಸೈಟಿ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ ಕೂಡ ವಿಸ್ತೀರ್ಣದ ಲೆಕ್ಕವನ್ನು ಒಪ್ಪಲಿಲ್ಲ. ನಿಮ್ಮದು 1970ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಕಾಂಡೋಮಿನಿಯಂ (ಆ ಕಾಯ್ದೆಯಡಿ ಆದ ಮನೆ ಮಾಲೀಕರ ಸಂಘ) ಆದರೆ ಮಾತೇ ಬೇರೆ. ಅಲ್ಲಿ ಡೀಡ್ ಆಫ್ ಡಿಕ್ಲರೇಷನ್‌ನಲ್ಲಿ (ನೋಂದಾಯಿತ ಘೋಷಣಾ ಪತ್ರ) ಬರೆದ ಅವಿಭಾಜ್ಯ ಪಾಲಿನ ಶೇಕಡಾವಾರು ಪ್ರಕಾರವೇ ಖರ್ಚು ಬರುತ್ತದೆ; ದೊಡ್ಡ ಮನೆಗೆ ಹೆಚ್ಚು.

ಒಂದೇ ಲೇಔಟಿನಲ್ಲಿ ಹಲವು ಸೊಸೈಟಿಗಳಿದ್ದು ತೋಟವನ್ನು ಅವುಗಳ ಒಕ್ಕೂಟವಾದ ಫೆಡರೇಷನ್ ನೋಡಿಕೊಳ್ಳುತ್ತಿದ್ದರೆ ಸೂತ್ರ ಇರುವುದು ಫೆಡರೇಷನ್ನಿನ ಉಪವಿಧಿಯಲ್ಲಿ ಅಥವಾ ಸೊಸೈಟಿಗಳ ನಡುವಿನ ಒಪ್ಪಂದದಲ್ಲಿ. ಸೂತ್ರ ಬದಲಾದರೆ ಮೊತ್ತ ಎಷ್ಟು ಬದಲಾಗುತ್ತದೆ ನೋಡಿ. ತೋಟಕ್ಕೆ ತಿಂಗಳಿಗೆ ₹1,20,000 ಖರ್ಚು ಎಂದಿಟ್ಟುಕೊಳ್ಳಿ. ನಾಲ್ಕು ಕಟ್ಟಡಗಳು, ಕ್ರಮವಾಗಿ 80, 80, 60, 20 ಮನೆ, ಒಟ್ಟು 240. ಮನೆಗೆ ಸಮನಾಗಿ ಹಂಚಿದರೆ ತಲಾ ₹500. ಕಟ್ಟಡಕ್ಕೆ ಸಮನಾಗಿ ಹಂಚಿದರೆ ಪ್ರತಿ ಕಟ್ಟಡಕ್ಕೆ ₹30,000. ಆಗ 20 ಮನೆಯ ಕಟ್ಟಡದವರಿಗೆ ತಲಾ ₹1,500, 80 ಮನೆಯವರಿಗೆ ₹375. ಇದು ಅನ್ಯಾಯ. ಚಿಕ್ಕ ಕಟ್ಟಡದವರು ಸುಮ್ಮನಿರಬಾರದು.

ಮಾರಾಟವಾಗದ ಮನೆಗಳನ್ನೂ ಎಣಿಸಿದ್ದಾರೆಯೇ ನೋಡಿ. 30 ಮನೆ ಖಾಲಿ ಎಂದು ಬಿಟ್ಟು 210ಕ್ಕೆ ಹಂಚಿದರೆ ತಲಾ ₹571 ಆಗುತ್ತದೆ. ಆ 30ರ ಪಾಲು ಬಿಲ್ಡರ್ ಕೊಡಬೇಕಾದದ್ದು.

ಆಮೇಲೆ ಮೊತ್ತ. ಬಿಲ್ಲಿನ ಒಟ್ಟು ಅಂಕಿ ನೋಡಿ ಏನೂ ತಿಳಿಯದು, ವೋಚರ್‌ಗಳನ್ನು ನೋಡಬೇಕು. ಲೆಕ್ಕಪತ್ರ ನೋಡಲು, ಶುಲ್ಕ ಕಟ್ಟಿ ಪ್ರತಿ ಪಡೆಯಲು ಸದಸ್ಯನಿಗೆ ಕಾನೂನು ಹಕ್ಕು ಕೊಟ್ಟಿದೆ. ಲಿಖಿತವಾಗಿ ಕೇಳಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.

ಮೂರು ಸಾಲುಗಳ ಮೇಲೆ ಬೆರಳಿಟ್ಟು ನೋಡಿ. ಒಂದು, ನೀರು. ಏಪ್ರಿಲ್-ಮೇ ಬಿಸಿಲಿಗೆ ಹುಲ್ಲುಹಾಸು ದಿನಕ್ಕೆ ಚದರ ಮೀಟರಿಗೆ ಸುಮಾರು 5 ಲೀಟರ್ ನೀರು ಕೇಳುತ್ತದೆ. 1,000 ಚದರ ಮೀಟರಿಗೆ 5,000 ಲೀಟರ್, ಅಂದರೆ 10,000 ಲೀಟರಿನ ಟ್ಯಾಂಕರ್ ಎರಡು ದಿನಕ್ಕೊಂದು, ತಿಂಗಳಿಗೆ 15. ಮಳೆ ಹಿಡಿದ ಜುಲೈಯಲ್ಲೂ ಅದೇ 15 ಟ್ಯಾಂಕರ್ ಬರೆದಿದ್ದರೆ ಚಲನ್ ಕೇಳಿ. ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಪ್ಲಾಂಟು) ಇದ್ದೂ ತೋಟಕ್ಕೆ ಟ್ಯಾಂಕರ್ ಬರುತ್ತಿದ್ದರೆ ಪ್ಲಾಂಟು ಕೆಟ್ಟಿದೆಯೋ, ತೋಟಕ್ಕೆ ಪೈಪನ್ನೇ ಎಳೆದಿಲ್ಲವೋ ವಿಚಾರಿಸಿ. ಮನೆ ಕೈಗೆ ಬಂದು ಐದು ವರ್ಷದೊಳಗಾದರೆ ನಿರ್ಮಾಣದ ಇಂಥ ದೋಷವನ್ನು ರೇರಾ ಕಾಯ್ದೆಯಂತೆ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು.

ಎರಡು, ಕೆಂಪು ಮಣ್ಣು. ಇಲ್ಲಿ ಮಣ್ಣು, ಮರಳು ಅಳೆಯುವುದು ಬ್ರಾಸ್‌ನಲ್ಲಿ. ಒಂದು ಬ್ರಾಸ್ 100 ಘನ ಅಡಿ. ಒಂದು ಅಂಗುಲ ದಪ್ಪ ಹರಡಿದರೆ 1,200 ಚದರಡಿ ಮುಚ್ಚುತ್ತದೆ. 5,000 ಚದರಡಿ ಹುಲ್ಲಿಗೆ ಅರ್ಧ ಅಂಗುಲ ಮಣ್ಣು ಹಾಕಲು ಸುಮಾರು ಎರಡು ಬ್ರಾಸ್ ಸಾಕು. ಬಿಲ್ಲಿನಲ್ಲಿ ಎಂಟು ಇದ್ದರೆ ಉಳಿದ ಆರು ಎಲ್ಲಿ ಬಿತ್ತು ಎಂದು ಕೇಳುವುದು ಹಕ್ಕು.

ಮೂರು, ಮರ ಕಡಿದ ಖರ್ಚು. 1975ರ ಮರ ಸಂರಕ್ಷಣಾ ಕಾಯ್ದೆಯಡಿ ಮರ ಕಡಿಯಲು ವೃಕ್ಷ ಪ್ರಾಧಿಕಾರದ ಅನುಮತಿ ಬೇಕು. ಬಿಲ್ಲಿನ ಜೊತೆ ಅನುಮತಿ ಪತ್ರವಿಲ್ಲದಿದ್ದರೆ ಅದು ಹಣದ ವಿಷಯವಾಗಿ ಉಳಿಯುವುದಿಲ್ಲ. ಮಾಲಿಯ ಕೂಲಿಯಲ್ಲಿ ಮಾತ್ರ ಜಗ್ಗಾಡಬೇಡಿ. ಕಂತ್ರಾಟುದಾರ ಕನಿಷ್ಠ ವೇತನ, ಪಿಎಫ್ ಕಟ್ಟುತ್ತಿದ್ದಾನೆಯೇ ಎಂದು ಅಲ್ಲಿ ನೋಡಬೇಕು.

ತಪ್ಪು ಸಿಕ್ಕಿತೆಂದು ಬಿಲ್ಲು ಕಟ್ಟುವುದನ್ನು ನಿಲ್ಲಿಸಬೇಡಿ. ಹೆಚ್ಚಿನವರು ಸೋಲುವುದು ಈ ಹಂತದಲ್ಲಿ. ಬಾಕಿಗೆ ವರ್ಷಕ್ಕೆ 21%ವರೆಗೆ ಸರಳ ಬಡ್ಡಿ ಹಾಕಲು ಉಪವಿಧಿಯಲ್ಲಿ ಅವಕಾಶವಿದೆ. ಮೂರು ತಿಂಗಳು ಕಟ್ಟದಿದ್ದರೆ ‘ಥಕಬಾಕಿದಾರ’ರಾಗಿ (ಬಾಕಿ ಉಳಿಸಿಕೊಂಡವರು) ಕಮಿಟಿ ಚುನಾವಣೆಗೆ ನಿಲ್ಲುವ ಅರ್ಹತೆ ಹೋಗುತ್ತದೆ, ಸಹಕಾರ ಸಂಘಗಳ ರಿಜಿಸ್ಟ್ರಾರ್‌ರಿಂದ ವಸೂಲಿ ಪ್ರಮಾಣಪತ್ರವೂ ಬರಬಹುದು. ಪೂರ್ತಿ ಕಟ್ಟಿ, ಜೊತೆಗೆ ಪತ್ರ ಕೊಡಿ: ‘ಅಂಡರ್ ಪ್ರೊಟೆಸ್ಟ್’ (ಆಕ್ಷೇಪದೊಂದಿಗೆ) ಕಟ್ಟಿದ್ದೇನೆ, ಇಂಥ ಸಾಲು ಒಪ್ಪಿಲ್ಲ, ಲೆಕ್ಕ ಇಷ್ಟಾಗಬೇಕಿತ್ತು.

ವಿಷಯವನ್ನು ಸಾಮಾನ್ಯ ಸಭೆಗೆ ತನ್ನಿ. ವಾರ್ಷಿಕ ಸಭೆ ಸೆಪ್ಟೆಂಬರ್ 30ರೊಳಗೆ ಆಗಬೇಕು. ನೋಟಿಸು 14 ದಿನ ಮೊದಲು ಬರುತ್ತದೆ. ಅಲ್ಲಿಯವರೆಗೆ ಕಾಯಲಾಗದಿದ್ದರೆ ಸದಸ್ಯರಲ್ಲಿ ಐದನೇ ಒಂದು ಭಾಗದವರು ಸಹಿ ಮಾಡಿ ಕೊಟ್ಟರೆ ವಿಶೇಷ ಸಭೆ ಕರೆಯಲೇಬೇಕು. ನಡಾವಳಿ ಮರಾಠಿಯಲ್ಲಿದ್ದರೆ ಓದಿಸಿ ಕೇಳಿ. ನಿಮ್ಮ ಆಕ್ಷೇಪ ಬರೆದಿಲ್ಲವೆಂದರೆ ಅದನ್ನೂ ಪತ್ರದಲ್ಲಿ ತಿಳಿಸಿ.

ಸಭೆಯಲ್ಲೂ ಬಗೆಹರಿಯದಿದ್ದರೆ ಸರಿಯಾದ ಬಾಗಿಲು ತಟ್ಟಬೇಕು. ದಾಖಲೆ ಕೊಡದಿದ್ದರೆ ಅಥವಾ ಸಭೆ ಕರೆಯದಿದ್ದರೆ ಡೆಪ್ಯುಟಿ ರಿಜಿಸ್ಟ್ರಾರ್. ಸಾಮಾನ್ಯ ಸಭೆಯ ಹಂಚಿಕೆ ನಿರ್ಣಯವೇ ತಪ್ಪೆಂದಾದರೆ ಸಹಕಾರ ಸಂಘಗಳ ಕಾಯ್ದೆಯ ಕಲಂ 91ರಡಿ ಸಹಕಾರ ನ್ಯಾಯಾಲಯ. ಸೊಸೈಟಿ ಇನ್ನೂ ಆಗದೆ ಬಿಲ್ಡರೇ ಬಿಲ್ಲು ಹಾಕುತ್ತಿದ್ದರೆ ಮಹಾರೇರಾ, ದೂರಿನ ಶುಲ್ಕ ₹5,000. ಬಿಲ್ಡರ್ ವಿರುದ್ಧದ ದೂರಿನಲ್ಲಿ ಎರಡನ್ನು ಮರೆಯಬೇಡಿ: 51% ಮನೆ ಬುಕ್ ಆದ ಮೂರು ತಿಂಗಳೊಳಗೆ ಸಂಘ ರಚನೆಗೆ ಅವನು ಅರ್ಜಿ ಹಾಕಿದನೇ, ಮತ್ತು ಕೀಲಿ ಕೊಡುವಾಗ ಮುಂಗಡವಾಗಿ ತೆಗೆದುಕೊಂಡ ಮೇಂಟೆನೆನ್ಸ್ ಹಣದಲ್ಲಿ ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು.