ಬೋರ್ಡನ್ನೂ ಕೋಡನ್ನೂ ಬಲ್ಲ ಎಂಜಿನಿಯರ್ ಆಗುವುದು ಹೇಗೆ?

ಕಾರಿನ ಬ್ರೇಕ್ ನಿಯಂತ್ರಕ, ಆಸ್ಪತ್ರೆಯ ಇನ್‌ಫ್ಯೂಷನ್ ಪಂಪ್, ವಿದ್ಯುತ್ ಮೀಟರ್, ಬಟ್ಟೆ ಒಗೆಯುವ ಯಂತ್ರ, ಇವೆಲ್ಲದರೊಳಗೂ ಒಂದು ಮೈಕ್ರೋಕಂಟ್ರೋಲರ್, ಅಂದರೆ ಒಂದೇ ಚಿಪ್ಪಿನಲ್ಲಿರುವ ಪುಟ್ಟ ಕಂಪ್ಯೂಟರ್, ಇರುತ್ತದೆ. ಅದರ ಮೇಲೆ ಓಡುವ ತಂತ್ರಾಂಶವನ್ನು ಬರೆಯುವವರು ಎಂಬೆಡೆಡ್ ಎಂಜಿನಿಯರುಗಳು. ಆ ಚಿಪ್ಪನ್ನು ಕೂರಿಸಿದ ಸರ್ಕಿಟ್ ಬೋರ್ಡು ಹೇಳಿದಂತೆಯೇ ಕೆಲಸ ಮಾಡುತ್ತಿದೆ ಎಂಬುದನ್ನು ಅಳತೆಯಿಂದ ಸಾಬೀತುಪಡಿಸುವವರು ಟೆಸ್ಟ್ ಎಂಜಿನಿಯರುಗಳು. ದೊಡ್ಡ ಸಂಸ್ಥೆಗಳಲ್ಲಿ ಇವೆರಡೂ ಬೇರೆ ಬೇರೆ ವಿಭಾಗಗಳಾಗಿದ್ದರೂ, ಈ ವೃತ್ತಿಗೆ ಬರಬಯಸುವವರು ಎರಡನ್ನೂ ಒಟ್ಟಿಗೆ ಕಲಿಯಬೇಕೆಂಬುದು ಈ ಲೇಖನದ ಖಚಿತ ಅಭಿಪ್ರಾಯ. ಬಗೆಹರಿಯದೆ ವಾರಗಟ್ಟಲೆ ಕಾಡುವ ದೋಷಗಳು ಹೆಚ್ಚಾಗಿ ಬೋರ್ಡು ಮತ್ತು ಕೋಡಿನ ನಡುವಿನ ಗಡಿಯಲ್ಲೇ ಅಡಗಿರುತ್ತವೆ, ಮತ್ತು ಒಂದು ಬದಿಯನ್ನು ಮಾತ್ರ ಬಲ್ಲವರು ಅಂಥ ದೋಷವನ್ನು ಇನ್ನೊಂದು ಬದಿಯವರಿಗೆ ದಾಟಿಸಿ ಸುಮ್ಮನಾಗುತ್ತಾರೆ.

ಇದು ಬರೀ ಅನುಕೂಲದ ಮಾತಲ್ಲ. ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರವು 1985ರಿಂದ 1987ರ ನಡುವೆ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣವನ್ನು ನೀಡಿತು. ಅವರಲ್ಲಿ ಕೆಲವರು ಪ್ರಾಣ ಕಳೆದುಕೊಂಡರು. ಹಿಂದಿನ ಮಾದರಿಯಲ್ಲಿದ್ದ ಸ್ವತಂತ್ರ ವಿದ್ಯುತ್ ತಡೆಗಳನ್ನು ಇದರಲ್ಲಿ ತೆಗೆದುಹಾಕಿ, ರಕ್ಷಣೆಯ ಹೊಣೆಯನ್ನು ತಂತ್ರಾಂಶಕ್ಕೆ ಬಿಡಲಾಗಿತ್ತು, ಆ ತಂತ್ರಾಂಶದಲ್ಲೇ ದೋಷವಿತ್ತು. ಹಳೆಯ ಯಂತ್ರದ ತಂತ್ರಾಂಶದಲ್ಲೂ ಅಂಥ ದೋಷವಿತ್ತು, ಆದರೆ ಆ ತಡೆಗಳಿದ್ದುದರಿಂದ ಅದು ಯಾರಿಗೂ ಹಾನಿ ಮಾಡಿರಲಿಲ್ಲ. ಎರಡೂ ಬದಿಗಳನ್ನು ಒಟ್ಟಿಗೆ ನೋಡುವ ಕಣ್ಣು ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಕಠೋರವಾದ ಸಾಕ್ಷ್ಯ ಸಿಗಲಾರದು.

ಹೆಜ್ಜೆ 1: ಮೊದಲು ಅಳೆಯಲು ಕಲಿಯಿರಿ

ಎಲೆಕ್ಟ್ರಾನಿಕ್ಸ್, ವಿದ್ಯುತ್ ಅಥವಾ ಕಂಪ್ಯೂಟರ್ ವಿಷಯದ ಪದವಿಯಾಗಲಿ ಡಿಪ್ಲೊಮಾ ಆಗಲಿ ಬಾಗಿಲು ತೆರೆಯುತ್ತದೆ. ಒಳಗೆ ನಿಲ್ಲಲು ಬೇಕಾದದ್ದು ಅಳತೆಯ ಅಭ್ಯಾಸ. ಓಮ್‌ನ ನಿಯಮ ಮತ್ತು ಕಿರ್ಕಾಫ್‌ನ ಎರಡು ನಿಯಮಗಳನ್ನು ಪರೀಕ್ಷೆಗಾಗಿ ಓದಿದ್ದರೆ ಸಾಲದು, ಅವು ಕೈಬೆರಳಿಗೆ ಬರಬೇಕು. 5 ವೋಲ್ಟ್ ಪೂರೈಕೆಯಲ್ಲಿ, ಸುಮಾರು 2 ವೋಲ್ಟ್ ತೆಗೆದುಕೊಳ್ಳುವ ಕೆಂಪು ಎಲ್‌ಇಡಿಗೆ 10 ಮಿಲಿಆಂಪಿಯರ್ ಹರಿಸಬೇಕಾದರೆ 300 ಓಮ್‌ನ ರೆಸಿಸ್ಟರ್ ಬೇಕು. ಈ ಲೆಕ್ಕ ಎಲ್ಲರಿಗೂ ಬರುತ್ತದೆ. ಲೆಕ್ಕ ಮಾಡಿದ ಬಳಿಕ ಆ ರೆಸಿಸ್ಟರಿನ ತುದಿಗಳ ನಡುವೆ ವೋಲ್ಟೇಜನ್ನು ನಿಜವಾಗಿ ಅಳೆದು, ಲೆಕ್ಕಕ್ಕೂ ಅಳತೆಗೂ ಇರುವ ವ್ಯತ್ಯಾಸಕ್ಕೆ ಕಾರಣ ಹುಡುಕುವವನು ಟೆಸ್ಟ್ ಎಂಜಿನಿಯರ್ ಆಗುವ ಹಾದಿಯಲ್ಲಿದ್ದಾನೆ.

ಮಲ್ಟಿಮೀಟರಿನಲ್ಲಿ ಎರಡು ಎಚ್ಚರಿಕೆಗಳು ಅಭ್ಯಾಸವಾಗಬೇಕು. ರೋಧವನ್ನು ಅಳೆಯುವಾಗ ಬೋರ್ಡಿನ ವಿದ್ಯುತ್ತನ್ನು ಆರಿಸಿರಬೇಕು. ಪ್ರವಾಹ ಅಳೆದ ನಂತರ ಕೆಂಪು ತಂತಿಯನ್ನು ಆಂಪಿಯರ್ ರಂಧ್ರದಿಂದ ಮರಳಿ ವೋಲ್ಟ್ ರಂಧ್ರಕ್ಕೆ ಹಾಕಬೇಕು. ಮರೆತು ಅದೇ ಸ್ಥಿತಿಯಲ್ಲಿ ವೋಲ್ಟೇಜ್ ಅಳೆಯಲು ಹೋದರೆ ಮೀಟರೇ ಶಾರ್ಟ್ ಸರ್ಕಿಟ್ ಆಗುತ್ತದೆ.

ವೋಲ್ಟೇಜ್ ಕಾಲದೊಡನೆ ಬದಲಾಗುವುದನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನ (ಸ್ಕೋಪಿನ) ವಿಷಯದಲ್ಲಿ ಹೆಚ್ಚು ಸಮಯ ಕಳೆಯುವುದು ಒಳ್ಳೆಯದು, ಏಕೆಂದರೆ ಪರದೆಯ ಮೇಲೆ ಕಾಣುವ ಗೆರೆಯನ್ನು ಹೊಸಬರು ಸುಲಭವಾಗಿ ನಂಬಿಬಿಡುತ್ತಾರೆ. 100 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತಿನ ಸ್ಕೋಪು 100 ಮೆಗಾಹರ್ಟ್ಸಿನ ಸಂಕೇತವನ್ನು ಅದರ ನಿಜವಾದ ಎತ್ತರದ ಸುಮಾರು 70 ಶೇಕಡಾ ಮಾತ್ರ ತೋರಿಸುತ್ತದೆ, ಮತ್ತು 3.5 ನ್ಯಾನೋಸೆಕೆಂಡಿಗಿಂತ ವೇಗದ ಏರಿಕೆಯನ್ನು ಇದ್ದಂತೆ ತೋರಿಸಲಾರದು. ಬೋರ್ಡಿಗೆ ತಾಗಿಸುವ ಕಡ್ಡಿಯಾದ ಪ್ರೋಬನ್ನು, ಸಂಕೇತವನ್ನು ಹತ್ತರಲ್ಲೊಂದು ಪಾಲಿಗೆ ತಗ್ಗಿಸುವ ಹತ್ತು ಪಟ್ಟಿನ ಸ್ಥಾನದಲ್ಲಿಟ್ಟರೆ ಬೋರ್ಡಿಗೆ 10 ಮೆಗಾಓಮ್ ಹೊರೆಯಾಗುತ್ತದೆ. ಒಂದು ಪಟ್ಟಿನ ಸ್ಥಾನದಲ್ಲಿ ಹೊರೆ 1 ಮೆಗಾಓಮ್ ಆಗುವುದಲ್ಲದೆ ಕೆಪಾಸಿಟನ್ಸ್ ಕೂಡ ಬಹಳ ಹೆಚ್ಚುತ್ತದೆ, ಮತ್ತು ಅಂಥ ಪ್ರೋಬ್ ತಾಗಿದ ಕ್ಷಣದಲ್ಲೇ ಚಿಪ್ಪಿಗೆ ಗಡಿಯಾರದ ಮಿಡಿತ ಕೊಡುವ ಕ್ರಿಸ್ಟಲ್ ಆಸಿಲೇಟರ್ ನಿಂತುಹೋಗುವುದುಂಟು. ಪ್ರೋಬಿನ ಗ್ರೌಂಡ್ ತಂತಿ ಉದ್ದವಾಗಿದ್ದರೆ, ಬೋರ್ಡಿನಲ್ಲಿ ಇಲ್ಲದ ಕಂಪನಗಳು ಪರದೆಯಲ್ಲಿ ಕಾಣುತ್ತವೆ. ಆದ್ದರಿಂದ ವಿಚಿತ್ರವಾದದ್ದು ಕಂಡಾಗಲೆಲ್ಲ, ಅದು ಬೋರ್ಡಿನದೋ ಅಳತೆಯದೋ ಎಂದು ಮೊದಲು ನಿರ್ಧರಿಸಿಕೊಳ್ಳಬೇಕು.

ಹೆಜ್ಜೆ 2: ಸಿ ಭಾಷೆಯನ್ನು ಯಂತ್ರದ ಹತ್ತಿರದಿಂದ ಕಲಿಯಿರಿ

ಡೆನಿಸ್ ರಿಚಿ ಅವರು ಬೆಲ್ ಲ್ಯಾಬ್ಸಿನಲ್ಲಿ 1970ರ ದಶಕದ ಆರಂಭದಲ್ಲಿ ರೂಪಿಸಿದ ಸಿ ಭಾಷೆಯೇ ಇಂದಿಗೂ ಈ ಕ್ಷೇತ್ರದ ಮುಖ್ಯ ಭಾಷೆ. ಸಿ++ ಮತ್ತು ರಸ್ಟ್ ಕೂಡ ಬಳಕೆಯಲ್ಲಿವೆ, ಆದರೂ ಚಿಪ್ ತಯಾರಕರು ಕೊಡುವ ಉದಾಹರಣೆಗಳೂ ಈಗಾಗಲೇ ಕ್ಷೇತ್ರದಲ್ಲಿ ಓಡುತ್ತಿರುವ ಕೋಡೂ ಬಹುಪಾಲು ಸಿ ಭಾಷೆಯಲ್ಲೇ ಇವೆ. ಬಿಟ್ಟುಗಳನ್ನು ಒಂದೊಂದಾಗಿ ಏರಿಸುವುದು, ಇಳಿಸುವುದು, ಮೆಮೊರಿಯ ವಿಳಾಸವನ್ನು ಹಿಡಿದಿಡುವ ಪಾಯಿಂಟರ್, ನಡೆಯುತ್ತಿರುವ ಕೆಲಸವನ್ನು ತಡೆದು ತುರ್ತಿನದನ್ನು ಮಾಡಿಸುವ ಇಂಟರಪ್ಟ್, ಹಾಗೂ ಇಂಟರಪ್ಟ್ ಬದಲಿಸುವ ವೇರಿಯಬಲ್ಲಿಗೆ ವೊಲಟೈಲ್ ಎಂದು ಗುರುತು ಹಾಕದಿದ್ದರೆ ಕಂಪೈಲರ್ ಅದರ ಹಳೆಯ ಬೆಲೆಯನ್ನೇ ಹಿಡಿದುಕೊಂಡು ಕೂರಬಹುದೆಂಬ ತಿಳಿವಳಿಕೆ, ಇವಿಷ್ಟೂ ಗಟ್ಟಿಯಾಗಬೇಕು.

ಅವೆಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಸಂಖ್ಯೆಗಳ ಅಗಲ. ಮಿಲಿಸೆಕೆಂಡುಗಳನ್ನು ಎಣಿಸುವ 16 ಬಿಟ್ಟಿನ ಎಣಿಕೆಯು ಸುಮಾರು 65.5 ಸೆಕೆಂಡಿನಲ್ಲಿ ತುಂಬಿ ಸೊನ್ನೆಗೆ ಮರಳುತ್ತದೆ. 32 ಬಿಟ್ಟಿನದು ಸುಮಾರು 49.7 ದಿನಗಳಲ್ಲಿ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯು 2015ರಲ್ಲಿ ಬೋಯಿಂಗ್ 787 ವಿಮಾನಗಳ ಕುರಿತು ಒಂದು ಆದೇಶ ಹೊರಡಿಸಿತು: 248 ದಿನ ಸತತವಾಗಿ ವಿದ್ಯುತ್ ಹರಿದಿದ್ದರೆ ಜನರೇಟರ್ ನಿಯಂತ್ರಕಗಳೊಳಗಿನ ಎಣಿಕೆ ತುಂಬಿ, ಅವೆಲ್ಲವೂ ಒಮ್ಮೆಗೇ ಸುರಕ್ಷಾ ಸ್ಥಿತಿಗೆ ಹೋಗಿ ವಿಮಾನಕ್ಕೆ ವಿದ್ಯುತ್ ತಪ್ಪಬಹುದೆಂದು. ಸೆಕೆಂಡಿನ ನೂರರಲ್ಲೊಂದು ಪಾಲನ್ನು ಚಿಹ್ನೆಸಹಿತವಾದ 32 ಬಿಟ್ಟಿನಲ್ಲಿ ಎಣಿಸಿದರೆ ಸರಿಯಾಗಿ ಅಷ್ಟೇ ದಿನಗಳಲ್ಲಿ ಅದು ತುಂಬುತ್ತದೆ.

ಇಲ್ಲಿ ಎರಡೂ ವೃತ್ತಿಗಳು ಸಂಧಿಸುತ್ತವೆ. 248 ದಿನ ಕಾದು ಪರೀಕ್ಷಿಸುವುದು ಯಾರಿಂದಲೂ ಆಗದು. ಆದರೆ ಎಣಿಕೆಯನ್ನು ಸೊನ್ನೆಯ ಬದಲು ತುಂಬುವುದಕ್ಕೆ ಸ್ವಲ್ಪ ಮುಂಚಿನ ಬೆಲೆಯಿಂದ ಆರಂಭಿಸುವಂತೆ ಕೋಡನ್ನು ಬರೆದರೆ, ಯಂತ್ರ ಚಾಲೂ ಆದ ಕೆಲವೇ ನಿಮಿಷಗಳಲ್ಲಿ ದೋಷ ತಾನಾಗಿ ಹೊರಬೀಳುತ್ತದೆ. ಲಿನಕ್ಸ್ ಕರ್ನಲ್ ಹೀಗೆಯೇ ಮಾಡುತ್ತದೆ: ಸಮಯದ ಮಿಡಿತಗಳನ್ನು ಲೆಕ್ಕವಿಡುವ ಅದರ ಜಿಫೀಸ್ ಎಂಬ ಎಣಿಕೆಯ 32 ಬಿಟ್ಟಿನ ಭಾಗವು ಚಾಲನೆಯಾದ ಐದು ನಿಮಿಷಕ್ಕೆ ತುಂಬುವಂತೆ ಅದಕ್ಕೆ ಆರಂಭದ ಬೆಲೆ ಕೊಡಲಾಗಿದೆ. ಪರೀಕ್ಷೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೋಡು ಬರೆಯುವುದೆಂದರೆ ಇದೇ.

ಹೆಜ್ಜೆ 3: ಡೇಟಾಶೀಟ್ ಓದಿ, ತಂತಿಯ ಮೇಲೆ ನೋಡಿ

ಒಂದು ಸಾಮಾನ್ಯ ಮೈಕ್ರೋಕಂಟ್ರೋಲರ್ ಬೋರ್ಡನ್ನು ಆರಿಸಿಕೊಂಡು, ಸಿದ್ಧ ಲೈಬ್ರರಿಗಳ ನೆರವಿಲ್ಲದೆ, ಚಿಪ್ ತಯಾರಕರ ವಿವರಪುಸ್ತಿಕೆಯಾದ ಡೇಟಾಶೀಟಿನಲ್ಲಿರುವ ರಿಜಿಸ್ಟರುಗಳ (ಚಿಪ್ಪಿನ ಭಾಗಗಳನ್ನು ನಿಯಂತ್ರಿಸುವ ಪುಟ್ಟ ಮೆಮೊರಿ ಕೋಶಗಳ) ವಿವರಣೆಯನ್ನಷ್ಟೇ ನೋಡಿಕೊಂಡು ಒಂದು ಟೈಮರನ್ನೂ, ಬಿಟ್ಟುಗಳನ್ನು ಒಂದರ ಹಿಂದೊಂದು ಕಳುಹಿಸುವ ಒಂದು ಯುಎಆರ್‌ಟಿಯನ್ನೂ ನಡೆಸಿ ನೋಡಿ. ನಿಧಾನವಾದ ಕೆಲಸವೇ ಸರಿ, ಆದರೆ ಮುಂದೆ ಲೈಬ್ರರಿಯೇ ಕೈಕೊಟ್ಟಾಗ ಒಳಗೆ ಇಳಿದು ನೋಡುವ ಧೈರ್ಯ ಬರುವುದು ಇದರಿಂದಲೇ. ಆನಂತರ ಬರೆದದ್ದನ್ನು ತಂತಿಯ ಮೇಲೆ ಪರಿಶೀಲಿಸಿ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಒಂದು ಬಿಟ್ಟಿನ ಅಗಲ ಸುಮಾರು 104 ಮೈಕ್ರೋಸೆಕೆಂಡ್ ಇರಬೇಕು. ಸ್ಕೋಪಿನಲ್ಲಿ 208 ಕಂಡರೆ ಚಿಪ್ಪಿನ ಗಡಿಯಾರವನ್ನು ಎಲ್ಲೋ ಎರಡರಿಂದ ಭಾಗಿಸಲಾಗಿದೆ ಎಂದರ್ಥ.

ಎರಡು ತಂತಿಗಳ ಮೇಲೆ ಚಿಪ್ಪು, ಸೆನ್ಸರುಗಳನ್ನು ಜೋಡಿಸುವ ಐ2ಸಿ ಸಂಪರ್ಕದಲ್ಲಿ ಎರಡು ತೊಂದರೆಗಳು ಮತ್ತೆ ಮತ್ತೆ ಎದುರಾಗುತ್ತವೆ. ಒಂದು, ಎರಡೂ ತಂತಿಗಳನ್ನು ಪೂರೈಕೆಗೆ ಜೋಡಿಸುವ ಪುಲ್-ಅಪ್ ರೆಸಿಸ್ಟರ್ ಇಲ್ಲದಿರುವುದು ಅಥವಾ ಬೆಲೆ ತೀರಾ ದೊಡ್ಡದಾಗಿ ಸಂಕೇತ ನಿಧಾನವಾಗಿ ಏರುವುದು. ಇನ್ನೊಂದು, ವಿಳಾಸದ ಗೊಂದಲ: ಏಳು ಬಿಟ್ಟಿನ ವಿಳಾಸವನ್ನು ಕೆಲವು ಡೇಟಾಶೀಟುಗಳು ಒಂದು ಬಿಟ್ ಎಡಕ್ಕೆ ಸರಿಸಿ ಎಂಟು ಬಿಟ್ಟಾಗಿ ಬರೆಯುತ್ತವೆ, ಆಗ ವಿಳಾಸ ಇಮ್ಮಡಿಯಾಗಿ ಕಾಣುತ್ತದೆ ಮತ್ತು ಸೆನ್ಸರ್ ಉತ್ತರಿಸುವುದೇ ಇಲ್ಲ. ವಾಹನಗಳಲ್ಲಿ ಬಳಸುವ, ಬಾಷ್ ಸಂಸ್ಥೆಯು 1986ರಲ್ಲಿ ಪ್ರಕಟಿಸಿದ ಕ್ಯಾನ್ ಬಸ್ ಎಂಬ ಸಂವಹನ ಜಾಲದಲ್ಲಿ ತಂತಿಜೋಡಿಯ ಎರಡು ತುದಿಗಳಲ್ಲೂ 120 ಓಮ್ ರೆಸಿಸ್ಟರ್ ಇರಬೇಕು. ವಿದ್ಯುತ್ ಆರಿಸಿ ಎರಡು ತಂತಿಗಳ ನಡುವೆ ಅಳೆದಾಗ 60 ಓಮ್ ಬಂದರೆ ಸರಿ. 120 ಬಂದರೆ ಒಂದು ತುದಿಯದು ಇಲ್ಲ. 40 ಬಂದರೆ ಯಾರೋ ಮೂರನೆಯದನ್ನು ಸೇರಿಸಿದ್ದಾರೆ. ಇಷ್ಟು ಸರಳವಾದ ಅಳತೆಯನ್ನು ಮಾಡದೆ, ದಿನಗಟ್ಟಲೆ ಕೋಡಿನಲ್ಲಿ ದೋಷ ಹುಡುಕುವ ತಂಡಗಳಿವೆ.

ಹೆಜ್ಜೆ 4: ಕಾಲದ ಒತ್ತಡವನ್ನು ಅರಿಯಿರಿ

ಏಕಕಾಲದಲ್ಲಿ ಹಲವು ಕೆಲಸ ಮಾಡಬೇಕಾದಾಗ ಪ್ರತಿ ಕೆಲಸವನ್ನೂ ಗಡುವಿನೊಳಗೆ ಮುಗಿಸಲು ನೆರವಾಗುವ ರಿಯಲ್‌ಟೈಮ್ ಆಪರೇಟಿಂಗ್ ಸಿಸ್ಟಮ್ ಬೇಕಾಗುತ್ತದೆ. ಕಲಿಕೆಗೆ ಫ್ರೀಆರ್‌ಟಿಒಎಸ್ ಅಥವಾ ಝೆಫಿರ್ ಸಾಕು. ಎರಡೂ ಮುಕ್ತವಾಗಿ ಸಿಗುತ್ತವೆ. ಟಾಸ್ಕ್ (ಒಂದು ಕೆಲಸ), ಆದ್ಯತೆ, ಕ್ಯೂ (ಸಂದೇಶಗಳ ಸಾಲು), ಮ್ಯೂಟೆಕ್ಸ್ (ಒಂದು ಸಮಯಕ್ಕೆ ಒಂದೇ ಟಾಸ್ಕಿಗೆ ಸಿಗುವ ಬೀಗ) ಎಂಬ ನಾಲ್ಕರ ಪರಿಚಯವಾದ ಮೇಲೆ 1997ರ ಮಾರ್ಸ್ ಪಾತ್‌ಫೈಂಡರ್ ನೌಕೆಯ ಕಥೆಯನ್ನು ವಿವರವಾಗಿ ಓದಬೇಕು. ಮಂಗಳದ ಮೇಲೆ ಇಳಿದ ಆ ನೌಕೆಯ ಕಂಪ್ಯೂಟರ್ ಮತ್ತೆ ಮತ್ತೆ ರೀಸೆಟ್ ಆಗುತ್ತಿತ್ತು. ಹವಾಮಾನದ ಕಡಿಮೆ ಆದ್ಯತೆಯ ಟಾಸ್ಕ್ ಒಂದು ಮ್ಯೂಟೆಕ್ಸನ್ನು ಹಿಡಿದಿರುವಾಗ ಮಧ್ಯಮ ಆದ್ಯತೆಯ ಕೆಲಸವೊಂದು ನಡುವೆ ನುಗ್ಗುತ್ತಿತ್ತು. ಅದೇ ಮ್ಯೂಟೆಕ್ಸಿಗಾಗಿ ಕಾಯುತ್ತಿದ್ದ ಹೆಚ್ಚಿನ ಆದ್ಯತೆಯ ಟಾಸ್ಕಿಗೆ ಸಮಯದೊಳಗೆ ಕೆಲಸ ಮುಗಿಸಲಾಗುತ್ತಿರಲಿಲ್ಲ. ಎಂಜಿನಿಯರುಗಳು ಭೂಮಿಯ ಮೇಲಿನ ಪ್ರತಿರೂಪದಲ್ಲಿ, ಘಟನೆಗಳನ್ನು ಕ್ರಮವಾಗಿ ಬರೆದಿಡುವ ಟ್ರೇಸ್ ದಾಖಲೆ ಚಾಲೂ ಮಾಡಿ ಅದೇ ದೋಷ ಮರುಕಳಿಸುವಂತೆ ಮಾಡಿದರು, ನಂತರ, ಮ್ಯೂಟೆಕ್ಸ್ ಹಿಡಿದ ಟಾಸ್ಕಿಗೆ ಅದಕ್ಕಾಗಿ ಕಾಯುತ್ತಿರುವ ಟಾಸ್ಕಿನ ಆದ್ಯತೆಯನ್ನೇ ತಾತ್ಕಾಲಿಕವಾಗಿ ಕೊಡುವ, ಆದ್ಯತೆಯ ಉತ್ತರಾಧಿಕಾರ ಎಂಬ ಸೌಲಭ್ಯವನ್ನು ಸಕ್ರಿಯಗೊಳಿಸುವ ಬದಲಾವಣೆಯನ್ನು ಮಂಗಳಕ್ಕೆ ಕಳುಹಿಸಿದರು. ದೋಷವನ್ನು ಸರಿಪಡಿಸುವ ಮೊದಲು ಅದನ್ನು ಬೇಕಾದಾಗ ಮರುಕಳಿಸುವಂತೆ ಮಾಡಿದ್ದು ಇಲ್ಲಿ ಗಮನಿಸಬೇಕಾದ ಸಂಗತಿ.

ಹೆಜ್ಜೆ 5: ಪರೀಕ್ಷೆಯನ್ನು ಸ್ವಯಂಚಾಲಿತಗೊಳಿಸಿ

ಇಂದಿನ ಮೀಟರ್, ಸ್ಕೋಪ್, ಪವರ್ ಸಪ್ಲೈಗಳು ಯುಎಸ್‌ಬಿ ಅಥವಾ ನೆಟ್‌ವರ್ಕ್ ಮೂಲಕ ಆಜ್ಞೆಗಳನ್ನು ಸ್ವೀಕರಿಸುತ್ತವೆ. 1990ರಲ್ಲಿ ಬಂದ ಎಸ್‌ಸಿಪಿಐ ಎಂಬ ಆಜ್ಞಾಕ್ರಮವನ್ನು ಹೆಚ್ಚಿನ ತಯಾರಕರು ಪಾಲಿಸುತ್ತಾರೆ. ಪೈಥಾನ್ ಭಾಷೆ ಮತ್ತು ಉಪಕರಣಗಳೊಡನೆ ಮಾತಾಡಲು ನೆರವಾಗುವ ಪೈವೀಸಾ ಲೈಬ್ರರಿಯಿಂದ ಪವರ್ ಸಪ್ಲೈಯನ್ನು 3.0ರಿಂದ 3.6 ವೋಲ್ಟಿನವರೆಗೆ ಹಂತಹಂತವಾಗಿ ಏರಿಸುತ್ತ, ಪ್ರತಿ ಹಂತದಲ್ಲೂ ಬೋರ್ಡಿನ ಪ್ರವಾಹವನ್ನೂ ಉತ್ತರವನ್ನೂ ದಾಖಲಿಸುವ ಪ್ರೋಗ್ರಾಮನ್ನು ಬರೆಯುವುದು ಒಳ್ಳೆಯ ಮೊದಲ ಅಭ್ಯಾಸ. ಫಲಿತಾಂಶದಲ್ಲಿ ಪಾಸು ಅಥವಾ ಫೇಲು ಎಂದಷ್ಟೇ ಬರೆಯದೆ ಅಳೆದ ಸಂಖ್ಯೆಯನ್ನೂ, ಬೋರ್ಡಿನ ಕ್ರಮಸಂಖ್ಯೆ, ಫರ್ಮ್‌ವೇರಿನ (ಬೋರ್ಡಿನೊಳಗೆ ಓಡುವ ತಂತ್ರಾಂಶದ) ಆವೃತ್ತಿ, ಉಪಕರಣದ ಗುರುತು ಹಾಗೂ ತಾಪಮಾನವನ್ನೂ ಉಳಿಸಬೇಕು. ಮಿತಿಯೊಳಗೇ ಇದ್ದು ದಿನದಿಂದ ದಿನಕ್ಕೆ ಒಂದೇ ಬದಿಗೆ ಸರಿಯುತ್ತಿರುವ ಅಳತೆಯನ್ನು ಪಾಸು ಎಂಬ ಒಂದು ಪದ ಮುಚ್ಚಿಬಿಡುತ್ತದೆ.

ಹೆಜ್ಜೆ 6: ಕಾರ್ಖಾನೆಯ ಪರೀಕ್ಷೆಯನ್ನು ತಿಳಿಯಿರಿ

ಪ್ರಯೋಗಾಲಯದಲ್ಲಿ ಒಂದು ಬೋರ್ಡಿಗೆ ಒಂದು ದಿನ ಕೊಡಬಹುದು. ಕಾರ್ಖಾನೆಯಲ್ಲಿ ಒಂದು ಬೋರ್ಡಿಗೆ ಒಂದು ನಿಮಿಷ ಹಿಡಿದರೆ ಎಂಟು ಗಂಟೆಯ ಪಾಳಿಯಲ್ಲಿ ಒಂದು ಪರೀಕ್ಷಾ ಕೇಂದ್ರದಿಂದ 480 ಬೋರ್ಡುಗಳಷ್ಟೇ ಹೊರಬರುತ್ತವೆ. ಮೊದಲು ಕ್ಯಾಮೆರಾ ಬೆಸುಗೆಗಳನ್ನು ನೋಡುತ್ತದೆ, ನಂತರ ಸ್ಪ್ರಿಂಗ್ ಸೂಜಿಗಳ ಫಿಕ್ಸ್‌ಚರ್ (ಬೋರ್ಡನ್ನು ಹಿಡಿದಿಡುವ ಚೌಕಟ್ಟು) ಬಿಡಿಭಾಗಗಳನ್ನು ಒಂದೊಂದಾಗಿ ಅಳೆಯುತ್ತದೆ, ಕೊನೆಗೆ ಇಡೀ ಬೋರ್ಡನ್ನು ಚಾಲೂ ಮಾಡಿ ಕಾರ್ಯವನ್ನು ಪರೀಕ್ಷಿಸಲಾಗುತ್ತದೆ. ಚಿಪ್ಪಿನ ಅಡಿಯಲ್ಲಿ ಅಡಗಿ ಸೂಜಿಗೆ ಸಿಗದ ಪಿನ್ನುಗಳಿಗಾಗಿ 1990ರಲ್ಲಿ ಐಇಇಇ 1149.1 ಎಂಬ ಮಾನದಂಡವಾದ, ಚಿಪ್ಪಿನೊಳಗಿನಿಂದಲೇ ಪಿನ್ನುಗಳನ್ನು ಪರೀಕ್ಷಿಸುವ ಜೆಟ್ಯಾಗ್ ವಿಧಾನವಿದೆ. ಬೋರ್ಡನ್ನು ವಿನ್ಯಾಸ ಮಾಡುವ ದಿನವೇ ಸೂಜಿ ತಾಗುವ ಟೆಸ್ಟ್ ಪಾಯಿಂಟುಗಳಿಗೆ ಜಾಗ ಬಿಡದಿದ್ದರೆ ಆಮೇಲೆ ಸೂಜಿಗಳ ಅಳತೆ ಸಾಧ್ಯವಾಗದು. ಅದಕ್ಕಾಗಿ ವಿನ್ಯಾಸ ಸಭೆಯಲ್ಲಿ ಟೆಸ್ಟ್ ಎಂಜಿನಿಯರ್ ಇರಲೇಬೇಕು.

ಮಿತಿಗಳನ್ನು ಹಾಕುವುದರಲ್ಲೂ ಒಂದು ಕ್ರಮವಿದೆ. 5 ವೋಲ್ಟಿಗೆ ಶೇಕಡಾ 5ರಷ್ಟು ಅವಕಾಶವೆಂದರೆ 4.75ರಿಂದ 5.25 ವೋಲ್ಟ್. ಅಳೆಯುವ ವ್ಯವಸ್ಥೆಯಲ್ಲೇ 20 ಮಿಲಿವೋಲ್ಟಿನ ಅನಿಶ್ಚಿತತೆ ಇದ್ದರೆ ಪರೀಕ್ಷೆಯ ಮಿತಿಯನ್ನು 4.77ರಿಂದ 5.23ಕ್ಕೆ ಬಿಗಿಗೊಳಿಸಬೇಕು, ಇಲ್ಲವಾದರೆ ಅಂಚಿನಲ್ಲಿರುವ ಕೆಟ್ಟ ಬೋರ್ಡು ಗ್ರಾಹಕರ ಕೈಸೇರುತ್ತದೆ.

ಹೆಜ್ಜೆ 7: ಕೆಲಸಕ್ಕೆ ಅರ್ಜಿ, ಆಮೇಲಿನ ವರ್ಷಗಳು

ಹತ್ತು ಅರೆಬರೆ ಯೋಜನೆಗಳಿಗಿಂತ ಪೂರ್ಣವಾದ ಒಂದೇ ಒಂದು ಯೋಜನೆ ಹೆಚ್ಚು ತೂಗುತ್ತದೆ. ತಾಪಮಾನವನ್ನು ದಾಖಲಿಸುವ ಪುಟ್ಟ ಸಾಧನವಾದರೂ ಸಾಕು, ಅದರ ಜೊತೆಗೆ ಸರ್ಕಿಟ್ ನಕ್ಷೆ, ಕೋಡಿನ ಆವೃತ್ತಿಗಳನ್ನು ಕಾಪಾಡುವ ಗಿಟ್‌ನಲ್ಲಿಟ್ಟ ಕೋಡು, ಪರೀಕ್ಷಾ ಯೋಜನೆ, ಅಳತೆಗಳ ಪಟ್ಟಿ, ಮತ್ತು ಕಂಡ ಒಂದೆರಡು ದೋಷಗಳನ್ನು ಹೇಗೆ ಪತ್ತೆಹಚ್ಚಲಾಯಿತೆಂಬ ಬರಹ ಇರಬೇಕು. ಹೊಸ ಬೋರ್ಡಿಗೆ ಮೊದಲ ಬಾರಿ ವಿದ್ಯುತ್ ಕೊಡುವಾಗ ಏನು ಮಾಡುತ್ತೀರಿ ಎಂದು ಸಂದರ್ಶನದಲ್ಲಿ ಕೇಳುವುದುಂಟು. ಪೂರೈಕೆ ಮತ್ತು ಗ್ರೌಂಡ್ ನಡುವಿನ ರೋಧವನ್ನು ಅಳೆದು, ಪವರ್ ಸಪ್ಲೈಯ ಪ್ರವಾಹಮಿತಿಯನ್ನು ಕಡಿಮೆ ಇಟ್ಟು, ಒಂದೊಂದೇ ವೋಲ್ಟೇಜನ್ನು ಪರಿಶೀಲಿಸಿ, ಗಡಿಯಾರ ಓಡುತ್ತಿದೆಯೇ ಎಂದು ನೋಡಿ, ಆನಂತರವೇ ಕೋಡು ಹಾಕುತ್ತೇನೆ ಎಂದು ಕ್ರಮವಾಗಿ ಹೇಳಬಲ್ಲವರು ಆ ಕೆಲಸವನ್ನು ನಿಜವಾಗಿ ಮಾಡಿದವರೆಂದು ಕೇಳುವವರಿಗೆ ತಿಳಿಯುತ್ತದೆ.

ಮೊದಲ ಕೆಲಸ ಟೆಸ್ಟ್ ವಿಭಾಗದಲ್ಲಿ ಸಿಕ್ಕರೆ ಅದನ್ನು ಕೀಳೆಂದು ಭಾವಿಸಬೇಡಿ. ಉತ್ಪನ್ನವು ಎಲ್ಲೆಲ್ಲಿ, ಹೇಗೆ ಕೆಡುತ್ತದೆ ಎಂಬುದನ್ನು ಅಲ್ಲಿ ಕಲಿತವರು ಮುಂದೆ ಬರೆಯುವ ಫರ್ಮ್‌ವೇರ್ ಬೇರೆಯದೇ ಗಟ್ಟಿತನದ್ದಾಗಿರುತ್ತದೆ. ಕೆಲವು ವರ್ಷಗಳ ಅನುಭವದ ನಂತರ ದಾರಿಗಳು ಕವಲೊಡೆಯುತ್ತವೆ: ಫರ್ಮ್‌ವೇರ್ ವಿನ್ಯಾಸ, ಪರೀಕ್ಷಾ ವ್ಯವಸ್ಥೆಗಳ ರಚನೆ, ಎಂಬೆಡೆಡ್ ಲಿನಕ್ಸ್, ಅಥವಾ ಸುರಕ್ಷತಾ ಎಂಜಿನಿಯರಿಂಗ್. ಕೊನೆಯದನ್ನು ಆರಿಸಿಕೊಳ್ಳುವವರು ವಾಹನಗಳಿಗೆ ಐಎಸ್‌ಒ 26262, ವೈದ್ಯಕೀಯ ತಂತ್ರಾಂಶಕ್ಕೆ ಐಇಸಿ 62304, ವಿಮಾನಗಳಿಗೆ ಡಿಒ-178ಸಿ ಮಾನದಂಡಗಳನ್ನು ಓದಬೇಕಾಗುತ್ತದೆ. ಪ್ರತಿಯೊಂದು ಅಗತ್ಯದಿಂದ ಅದನ್ನು ಪರೀಕ್ಷಿಸಿದ ದಾಖಲೆಯವರೆಗೆ ಕೊಂಡಿ ತಪ್ಪದಂತೆ ತೋರಿಸಬೇಕೆಂಬ ಅಪೇಕ್ಷೆ ಈ ಮೂರರಲ್ಲೂ ಇದೆ, ಮತ್ತು ಆ ಕೊಂಡಿಯ ಎರಡೂ ತುದಿಗಳಲ್ಲಿ ಕೆಲಸ ಮಾಡಿ ಬಂದವರಿಗೆ ಅಂಥ ತಂಡಗಳಲ್ಲಿ ಯಾವಾಗಲೂ ಜಾಗವಿರುತ್ತದೆ.