ತಾರಿಯ ಪುಸ್ತಕ: ಕರಾವಳಿಯ ಕಡವುಗಳನ್ನು ಗಮನಿಸಿ ಬರೆದಿಡುವ ಬಗೆ

ರೈಲಿನ ಹುಚ್ಚು ಹತ್ತಿದವರಿಗೆ ವೇಳಾಪಟ್ಟಿ ಇದೆ, ಬಸ್ಸಿನವರಿಗೆ ಡಿಪೋ ನಂಬರು ಇದೆ. ಕಡವಿನ ದೋಣಿಯ, ಅಂದರೆ ಹೊಳೆ ದಾಟಿಸುವ ತಾರಿಯ, ಬೆನ್ನು ಹತ್ತಿದವರಿಗೆ ಇವೆರಡೂ ಸಿಗುವುದು ಕಷ್ಟ. ಮಂಗಳೂರಿನ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ, ಹಳೆ ಬಂದರಿನಿಂದ ಬೆಂಗ್ರೆಗೆ, ಹಂಗಾರಕಟ್ಟೆಯಿಂದ ಕೋಡಿ ಬೆಂಗ್ರೆಗೆ, ಕುಮಟಾ ತಾಲ್ಲೂಕಿನ ತದಡಿಯಿಂದ ಅಘನಾಶಿನಿಗೆ ದಾಟಿಸುವ ದೋಣಿಗಳು ಗಡಿಯಾರದ ಜೊತೆಗೆ ನೀರಿನ ಮಾತನ್ನೂ ಕೇಳಿ ನಡೆಯುತ್ತವೆ. ಹಾಗಾಗಿ ಮೊದಲು ನೀರನ್ನು ಓದಲು ಕಲಿಯಬೇಕು. ದೋಣಿಯ ಓದು ಆಮೇಲೆ ತಾನಾಗಿ ಬರುತ್ತದೆ.

ಬರೆದಿಡುವ ಕೆಲಸ ಮುಂದೂಡಬೇಡಿ. ಕರಾವಳಿಯದಲ್ಲದಿದ್ದರೂ ಎಲ್ಲರಿಗೂ ಗೊತ್ತಿರುವ ಉದಾಹರಣೆ ಶರಾವತಿ ಹಿನ್ನೀರಿನದು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಸಿಗಂದೂರಿಗೆ ಹೋಗುವವರು ಲಾಂಚಿಗಾಗಿ ಸಾಲು ನಿಲ್ಲುವುದು ಅಲ್ಲಿಗೆ ಮುಗಿಯಿತು. ಸೇತುವೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ತಾರಿ ನಿಂತ ಮೇಲೆ ಅದರ ವೇಗ, ಹೊರೆ, ದಾಟುವ ದಾರಿ ಯಾವುದನ್ನೂ ಮತ್ತೆ ಅಳೆಯಲಾಗದು.

ಬೇಕಾಗುವ ಸಾಮಾನು

ಗಟ್ಟಿ ರಟ್ಟಿನ ನೋಟು ಪುಸ್ತಕ, ಪೆನ್ಸಿಲು (ಬಾಲ್‌ಪೆನ್ ಒದ್ದೆ ಹಾಳೆಯ ಮೇಲೆ ಓಡುವುದಿಲ್ಲ), 5 ಮೀಟರ್ ಟೇಪು, ಮೊಬೈಲಿನ ಸ್ಟಾಪ್‌ವಾಚ್ ಮತ್ತು ಜಿಪಿಎಸ್, ಆ ವರ್ಷದ ಪಂಚಾಂಗ. ದುರ್ಬೀನು ಇದ್ದರೆ 8×42 ಸಾಕು. ಅದಕ್ಕಿಂತ ಹೆಚ್ಚು ಹಿಗ್ಗಿಸುವುದು ಅಲುಗುವ ದೋಣಿಯ ಮೇಲೆ ಕಣ್ಣಿಗೆ ನಿಲ್ಲುವುದಿಲ್ಲ.

ಪಂಚಾಂಗದಿಂದ ಭರತ ಇಳಿತ

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ (ಉಬ್ಬರ), ಎರಡು ಇಳಿತ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಎರಡರ ಎತ್ತರ ಒಂದೇ ಇರುವುದಿಲ್ಲ, ಬೆಳಗಿನದು ದೊಡ್ಡದಾದರೆ ರಾತ್ರಿಯದು ಸಣ್ಣದಿರಬಹುದು. ಅದಕ್ಕೇ "ಭರತದಲ್ಲಿ ನೋಡಿದೆ" ಎಂದಷ್ಟೇ ಬರೆದರೆ ಸಾಲದು, ಯಾವ ಭರತ ಎಂದು ಬರೆಯಬೇಕು.

ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿವರ್ಷ ಉಬ್ಬರವಿಳಿತದ ಕೋಷ್ಟಕ ಅಚ್ಚು ಹಾಕುತ್ತದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಮುನ್ಸೂಚನೆ ಅಂತರ್ಜಾಲದಲ್ಲೇ ಸಿಗುತ್ತದೆ. ಆದರೆ ಅವು ದೊಡ್ಡ ಬಂದರುಗಳ ಲೆಕ್ಕ. ನಿಮ್ಮ ಕಡವು ಹೊಳೆ ಕಡಲು ಸೇರುವ ಅಳಿವೆಯಿಂದ ಒಳಗಿದ್ದರೆ ನೀರು ಅಲ್ಲಿಗೆ ಮುಟ್ಟಲು ಇನ್ನಷ್ಟು ಹೊತ್ತು ಬೇಕು. ಆ ವ್ಯತ್ಯಾಸವನ್ನು ನೀವೇ ಕಂಡುಕೊಳ್ಳಬೇಕು, ಅದಕ್ಕೆ ತಿಥಿಯ ಲೆಕ್ಕ ಒಳ್ಳೆಯದು.

ಒಂದು ಅಮಾವಾಸ್ಯೆಯ ದಿನ ಕಡವಿನ ಮೆಟ್ಟಿಲ ಬಳಿ ಕೂತು, ನೀರು ಅತಿ ಮೇಲೆ ನಿಂತ ಹೊತ್ತನ್ನು ಗುರುತು ಹಾಕಿ. ಅಲ್ಲಿಂದ ಮುಂದೆ ಪ್ರತಿ ತಿಥಿಗೆ ಎರಡು ಘಳಿಗೆ, ಅಂದರೆ 48 ನಿಮಿಷ, ಕೂಡಿಸುತ್ತ ಹೋಗಿ. ಅಮಾವಾಸ್ಯೆಗೆ 11:20ಕ್ಕೆ ಭರತವಾಗಿದ್ದರೆ ಪಂಚಮಿಗೆ 5 × 48 = 240 ನಿಮಿಷ ಕೂಡಿ 15:20. ಹದಿನೈದು ತಿಥಿ ಕಳೆಯುವಷ್ಟರಲ್ಲಿ 12 ಗಂಟೆ ಕೂಡಿರುತ್ತದೆ, ಹುಣ್ಣಿಮೆಗೆ ಗಡಿಯಾರ ಮತ್ತೆ 11:20ಕ್ಕೆ ಬಂದು ನಿಲ್ಲುತ್ತದೆ.

ಈ ಲೆಕ್ಕ ತಪ್ಪುವ ಜಾಗವೂ ಗೊತ್ತಿರಲಿ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಭರತ ದಿನಕ್ಕೆ 48 ನಿಮಿಷದಷ್ಟು ಹಿಂದೆ ಬೀಳುವುದಿಲ್ಲ, ಕಡಿಮೆ ಬೀಳುತ್ತದೆ. ಆದ್ದರಿಂದ ಪಂಚಮಿ, ಷಷ್ಠಿಯ ಹೊತ್ತಿಗೆ ನಿಜವಾದ ಭರತ ನಿಮ್ಮ ಲೆಕ್ಕಕ್ಕಿಂತ ಅರ್ಧ ಮುಕ್ಕಾಲು ಗಂಟೆ ಮುಂಚೆಯೇ ಬಂದಿರುತ್ತದೆ. ಅಷ್ಟಮಿ ದಾಟಿದ ಮೇಲೆ ದಿನಕ್ಕೆ ಒಂದು ಗಂಟೆಗೂ ಹೆಚ್ಚು ತಡ ಮಾಡಿ ಬಾಕಿ ತೀರಿಸುತ್ತದೆ. ಎರಡು ಪಕ್ಷ ಬಿಡದೆ ಗುರುತಿಸಿದರೆ ನಿಮ್ಮ ಕಡವಿನದೇ ತಿದ್ದುಪಡಿ ಪಟ್ಟಿ ಕೈಗೆ ಬರುತ್ತದೆ. ಅತಿ ದೊಡ್ಡ ಭರತ ಅಮಾವಾಸ್ಯೆಯ ದಿನವೇ ಬರಬೇಕೆಂದಿಲ್ಲ, ಒಂದೆರಡು ದಿನ ಬಿಟ್ಟು ಬರುವುದೇ ಹೆಚ್ಚು. ಅತಿ ಸಣ್ಣದು ಅಷ್ಟಮಿಯ ನಂತರ.

ಭರತ, ಇಳಿತಗಳ ನಡುವಿನ ಆರು ಗಂಟೆಯಲ್ಲಿ ನೀರು ಸಮನಾಗಿ ಇಳಿಯುವುದಿಲ್ಲ. ಒಟ್ಟು ಇಳಿಯುವುದನ್ನು ಹನ್ನೆರಡು ಪಾಲು ಮಾಡಿದರೆ ಗಂಟೆಗೊಂದರಂತೆ 1, 2, 3, 3, 2, 1 ಪಾಲು. ಒಟ್ಟು 1.2 ಮೀಟರ್ ಇಳಿಯುವ ದಿನ ಮೊದಲ ಗಂಟೆ 10 ಸೆಂ.ಮೀ., ಎರಡನೆಯದರಲ್ಲಿ 20, ಮೂರು ಮತ್ತು ನಾಲ್ಕರಲ್ಲಿ ತಲಾ 30, ಆಮೇಲೆ 20, ಕೊನೆಗೆ 10. ನಡುವಿನ ಎರಡು ಗಂಟೆಯಲ್ಲೇ ಅರ್ಧ ನೀರು ಹೊರಟುಹೋಗುತ್ತದೆ. ಸೆಳೆತ ಬಲವಾಗಿರುವುದೂ ಆಗಲೇ, ದೋಣಿ ನಡೆಸುವ ತಂಡೇಲನ ಕೈಚಳಕ ಕಾಣುವುದೂ ಆಗಲೇ. ಕಡವಿಗೆ ಹೋಗಲು ಒಂದೇ ಹೊತ್ತು ಆರಿಸಿಕೊಳ್ಳುವುದಾದರೆ ಇದನ್ನೇ ಆರಿಸಿಕೊಳ್ಳಿ.

ಇನ್ನೊಂದು ವಿಷಯದಲ್ಲಿ ಹೊಸಬರು ಖಂಡಿತ ಎಡವುತ್ತಾರೆ. ಮೆಟ್ಟಿಲ ಬಳಿ ನೀರು ಏರುವುದು ನಿಂತ ಕೂಡಲೇ ಹೊಳೆಯ ಹರಿವು ತಿರುಗುವುದಿಲ್ಲ. ಅಳಿವೆಯ ಬಾಯಲ್ಲಿ ಇನ್ನೂ ಸ್ವಲ್ಪ ಹೊತ್ತು ಒಳಮುಖವಾಗಿಯೇ ಹರಿಯುತ್ತಿರುತ್ತದೆ. ನೀರಿನ ಎತ್ತರ, ಹರಿವಿನ ದಿಕ್ಕು ಇವೆರಡಕ್ಕೂ ಪುಸ್ತಕದಲ್ಲಿ ಬೇರೆ ಬೇರೆ ಕಾಲಂ ಇರಲಿ. ಮಳೆಗಾಲದಲ್ಲಂತೂ ಹೊಳೆಯ ನೆರೆ ಮೇಲಿದ್ದಾಗ ಭರತದ ಹೊತ್ತಿನಲ್ಲೂ ನೀರು ಕಡಲಿನ ಕಡೆಗೇ ಹರಿಯಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಟಿಪ್ಪಣಿಯನ್ನು ಬೇಸಗೆಯದರ ಜೊತೆ ಸೇರಿಸಬೇಡಿ.

ಸೆಳೆತ ಮತ್ತು ವೇಗ

ಸೆಳೆತ ಅಳೆಯಲು ದೋಣಿ ನಿಲ್ಲುವ ದಕ್ಕೆಯ ಅಂಚಿನಲ್ಲಿ 20 ಮೀಟರ್ ಅಳೆದು ಎರಡು ಗುರುತು ಮಾಡಿ. ನೀರಿನಲ್ಲಿ ತೇಲಿ ಬರುವ ತೆಂಗಿನಕಾಯಿಯೋ ಸೋಗೆಯ ತುಂಡೋ ಆ 20 ಮೀಟರ್ ದಾಟಲು ಎಷ್ಟು ಸೆಕೆಂಡು ಎಂದು ನೋಡಿ. 25 ಸೆಕೆಂಡಾದರೆ ಸೆಕೆಂಡಿಗೆ 0.8 ಮೀಟರ್. ಥರ್ಮಾಕೋಲ್, ಖಾಲಿ ಬಾಟಲಿಗಳನ್ನು ನಂಬಬೇಡಿ, ಅವನ್ನು ನೀರಿಗಿಂತ ಗಾಳಿಯೇ ಹೆಚ್ಚು ತಳ್ಳುತ್ತದೆ. ದಡದ ಬಳಿ ಸೆಳೆತ ಯಾವಾಗಲೂ ಕಡಿಮೆ, ನಡುಹೊಳೆಯಲ್ಲಿ ಇದಕ್ಕಿಂತ ಜೋರು.

ದೋಣಿಯ ವೇಗಕ್ಕೆ ಎರಡೂ ದಡದ ಜಿಪಿಎಸ್ ಗುರುತು ತೆಗೆದುಕೊಳ್ಳಿ. ಹಗ್ಗ ಬಿಚ್ಚಿದ ಹೊತ್ತು ಬೇಡ, ದೋಣಿ ದಕ್ಕೆ ಬಿಟ್ಟು ನೇರ ಓಟಕ್ಕೆ ಬಿದ್ದಾಗಿನಿಂದ ಇಂಜಿನ್ ಇಳಿಸುವವರೆಗೆ ಎಣಿಸಿ. 600 ಮೀಟರ್ 240 ಸೆಕೆಂಡಿನಲ್ಲಿ ದಾಟಿದರೆ ಸೆಕೆಂಡಿಗೆ 2.5 ಮೀಟರ್. ಅದನ್ನು 1.944ರಿಂದ ಗುಣಿಸಿದರೆ 4.9 ನಾಟ್ (ಗಂಟೆಗೆ ಇಷ್ಟು ನಾಟಿಕಲ್ ಮೈಲು). ಹೋಗುವಾಗಿನದು, ಬರುವಾಗಿನದು ಎರಡನ್ನೂ ಬರೆಯಿರಿ. ಇಳಿತದ ಸೆಳೆತ ಬಲವಾಗಿದ್ದಾಗ ತಂಡೇಲ ದೋಣಿಯ ಮೂತಿಯನ್ನು ಎದುರು ದಡಕ್ಕೆ ನೇರ ಹಿಡಿಯದೆ ಮೇಲ್ಹೊಳೆಯ ಕಡೆ ಓರೆ ಮಾಡುತ್ತಾನೆ. ದೋಣಿ ಏಡಿಯ ಹಾಗೆ ಅಡ್ಡಡ್ಡ ಸಾಗಿ ಸರಿಯಾಗಿ ದಕ್ಕೆಗೇ ಬಂದು ಮುಟ್ಟುತ್ತದೆ. ಆ ಓರೆಯ ಕೋನವನ್ನು ಮೊಬೈಲಿನ ದಿಕ್ಸೂಚಿಯಲ್ಲಿ ನೋಡಿ ಬರೆದುಕೊಂಡರೆ ನಡುಹೊಳೆಯ ಸೆಳೆತವನ್ನೂ ಅಂದಾಜು ಮಾಡಬಹುದು. 30 ಡಿಗ್ರಿ ಓರೆ ಎಂದರೆ ಸೆಳೆತ ದೋಣಿಯ ನೀರ ವೇಗದ ಅರ್ಧದಷ್ಟಿದೆ.

ಇಳಿತದ ತುದಿಯಲ್ಲಿ ಅದೇ ದೋಣಿ, ಅದೇ ಇಂಜಿನ್ ನಿಧಾನವಾದರೆ ಕಾರಣ ತಳದಲ್ಲಿದೆ. ನೀರು ತೆಳುವಾದಾಗ ದೋಣಿಯ ಹಿಂಬದಿ ಕೆಳಗೆ ಕೂರುತ್ತದೆ, ಹಿಂದಿನ ಅಲೆ ಕಡಿದಾಗುತ್ತದೆ, ಇಂಜಿನ್ನಿನ ದನಿ ಭಾರವಾಗುತ್ತದೆ. ಹಿಂದೆ ಕಂದು ರಾಡಿ ಎದ್ದಿತೆಂದರೆ ಫ್ಯಾನು (ದೋಣಿಯನ್ನು ತಳ್ಳುವ ಪ್ರೊಪೆಲ್ಲರ್) ಕೆಸರನ್ನೇ ಕಲಕುತ್ತಿದೆ. ದೋಣಿಯ ಹಿಂದೆ ಹೊರಗೆ ತೂಗುಹಾಕಿದ ಔಟ್‌ಬೋರ್ಡ್ ಇಂಜಿನ್ ಆದರೆ ಅದರ ಪಕ್ಕದಿಂದ ಸಣ್ಣ ನೀರಿನ ಎಳೆಯೊಂದು ಹೊರಗೆ ಚಿಮ್ಮುತ್ತಿರಬೇಕು. ಅದು ತಂಪು ಮಾಡುವ ನೀರು ಓಡುತ್ತಿದೆ ಎಂಬ ಗುರುತು. ಕೆಸರು, ಪ್ಲಾಸ್ಟಿಕ್ ಸಿಕ್ಕಿಕೊಂಡರೆ ಆ ಎಳೆ ತೆಳುವಾಗಿ ನಿಂತುಹೋಗುತ್ತದೆ. ಕಂಡರೆ ಕೂಗಿ ಹೇಳಿ, ಪುಸ್ತಕ ಆಮೇಲೆ.

ಹೊರೆ

ಖಾಲಿ ದೋಣಿಯ ನೀರಗೆರೆಯಿಂದ ಅಂಚಿನವರೆಗೆ ಟೇಪಿನಲ್ಲಿ ಅಳೆಯಿರಿ, ಜನ ತುಂಬಿದ ಮೇಲೆ ಮತ್ತೆ ಅಳೆಯಿರಿ. ಕೇಳಿಯೇ ಅಳೆಯಿರಿ, ಬೇಡವೆಂದರೆ ಬಿಟ್ಟುಬಿಡಿ. ಎಷ್ಟು ಮುಳುಗಬೇಕು ಎಂಬುದಕ್ಕೆ ಲೆಕ್ಕವಿದೆ. 12 ಮೀಟರ್ ಉದ್ದ, 3 ಮೀಟರ್ ಅಗಲದ ದೋಣಿಯ ಎರಡೂ ತುದಿ ಚೂಪಾಗಿರುವುದರಿಂದ ನೀರು ಮುಟ್ಟುವ ಹರವು ಸುಮಾರು ಮುಕ್ಕಾಲು ಪಾಲು, ಅಂದರೆ 27 ಚದರ ಮೀಟರ್. ಅದು 1 ಸೆಂ.ಮೀ. ಮುಳುಗಲು ಉಪ್ಪುನೀರಿನಲ್ಲಿ 277 ಕಿಲೋ ಬೇಕು, 60 ಕಿಲೋದ ನಾಲ್ಕೈದು ಜನ. 40 ಜನ ಹತ್ತಿದರೆ 9 ಸೆಂ.ಮೀ.ಗೆ ಹತ್ತಿರ. ಮಳೆಗಾಲದ ಸಿಹಿನೀರಿನಲ್ಲಿ ಇನ್ನೂ ತುಸು ಕೆಳಗೆ ಕೂರುತ್ತದೆ, ಆದರೆ ಇಂಥ ಸಣ್ಣ ದೋಣಿಗೆ ಅದು ಒಂದು ಸೆಂಟಿಮೀಟರಿನೊಳಗೆ. ನೀವು ಅಳೆದದ್ದು ಲೆಕ್ಕಕ್ಕಿಂತ ಬಹಳ ಹೆಚ್ಚಿದ್ದರೆ ಒಂದೋ ಜನರನ್ನು ಎಣಿಸಿದ್ದು ತಪ್ಪಾಗಿದೆ, ಇಲ್ಲವೇ ದೋಣಿ ಒಂದು ಮಗ್ಗುಲಿಗೆ ವಾಲಿದೆ. ಅದಕ್ಕೇ ಎಡ, ಬಲ ಎರಡೂ ಕಡೆ ಅಳೆದು ಸರಾಸರಿ ತೆಗೆಯಬೇಕು.

ವಾಹನ ಹತ್ತಿಸುವ ಬಾರ್ಜಿಗೆ, ಕೇರಳದಲ್ಲಿ ಜಂಕಾರ್ ಎನ್ನುವುದಕ್ಕೆ, ನೋಡಬೇಕಾದ್ದು ಇಳಿಜಾರು ಹಲಗೆ. ಅದರ ಉದ್ದ 4 ಮೀಟರ್, ಡೆಕ್ಕಿಗೂ ದಡಕ್ಕೂ ಎತ್ತರದ ಅಂತರ 60 ಸೆಂ.ಮೀ. ಆದರೆ ಇಳಿಜಾರು ಶೇ. 15. ನೀರು ಇನ್ನೂ 40 ಸೆಂ.ಮೀ. ಇಳಿದರೆ ಶೇ. 25. ಆಗ ಕಾರಿನ ಹೊಟ್ಟೆ ಹಲಗೆಯ ಕೀಲಿನ ಬಳಿ ಉಜ್ಜುತ್ತದೆ, ಒದ್ದೆ ಹಲಗೆಯ ಮೇಲೆ ಬೈಕು ಜಾರುತ್ತದೆ. ಇಳಿತದಲ್ಲಿ ಬಾರ್ಜ್ ಏಕೆ ನಿಲ್ಲಿಸುತ್ತಾರೆ ಎಂದು ಗೊಣಗುವವರಿಗೆ ಈ ಅಂಕಿ ತೋರಿಸಿ.

ಇದಕ್ಕೆ ಬೇರೆ ಪರಿಹಾರ ನೋಡಬೇಕೆಂದರೆ ಕೊಚ್ಚಿಗೆ ಹೋಗಿ. 2023ರ ಏಪ್ರಿಲ್‌ನಲ್ಲಿ ಶುರುವಾದ ವಾಟರ್ ಮೆಟ್ರೋದ ದಕ್ಕೆಗಳು ತೇಲುವ ಪಾಂಟೂನುಗಳು. ದೋಣಿಯೂ ದಕ್ಕೆಯೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವುದರಿಂದ ಗಾಲಿಕುರ್ಚಿ ಕೂಡ ಯಾವ ಹೊತ್ತಿನಲ್ಲಾದರೂ ಸಲೀಸಾಗಿ ಒಳಗೆ ಹೋಗುತ್ತದೆ. ಕೊಚ್ಚಿನ್ ಶಿಪ್‌ಯಾರ್ಡ್ ಕಟ್ಟಿದ ಆ ಬ್ಯಾಟರಿ ದೋಣಿಗಳನ್ನು ಹೈಕೋರ್ಟ್–ವೈಪಿನ್ ದಾರಿಯಲ್ಲಿ ನೋಡಿ, ಫೋರ್ಟ್ ಕೊಚ್ಚಿ–ವೈಪಿನ್ ನಡುವೆ ವಾಹನ ದಾಟಿಸುವ ಸೇತುಸಾಗರ್ ರೋ-ರೋ ಮೇಲೂ ಒಮ್ಮೆ ದಾಟಿ. ಎರಡೂ ಒಂದೇ ಮಧ್ಯಾಹ್ನದ ಕೆಲಸ. ರೋ-ರೋಗೆ ಮುಂದು ಹಿಂದು ಇಲ್ಲ, ಎರಡೂ ತುದಿಯಲ್ಲಿ ಹಲಗೆ. ತಿರುಗುವ ಗೋಜಿಲ್ಲದ್ದರಿಂದ ಒಂದು ಸುತ್ತಿನ ಹೊತ್ತು ಎಷ್ಟು ಉಳಿಯುತ್ತದೆಂದು ನೀವೇ ಸ್ಟಾಪ್‌ವಾಚಿನಲ್ಲಿ ಹಿಡಿಯಿರಿ.

ನೀರನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಗುಜರಾತಿನ ಘೋಘಾ–ದಹೇಜ್ ಸೇವೆ ಪಾಠ. 2017ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಈ ದಾರಿ ಖಂಬಾತ್ ಕೊಲ್ಲಿಯದು, ದೇಶದಲ್ಲೇ ಅತಿ ದೊಡ್ಡ ಉಬ್ಬರವಿಳಿತದ ಜಾಗ. ದಹೇಜ್ ಕಡೆ ಹೂಳು ತುಂಬಿ ಆಳ ಸಾಲದೆ ಸೇವೆ ನಿಲ್ಲಬೇಕಾಯಿತು. 2020ರ ನವೆಂಬರ್‌ನಲ್ಲಿ ಘೋಘಾ–ಹಜೀರಾ ನಡುವೆ ಹೊಸ ದಾರಿ ಶುರುವಾಯಿತು.

ಗುರುತು ಹಿಡಿಯುವುದು

ಹಲಗೆಯ ಮೇಲೆ ಐಎನ್‌ಡಿ-ಕೆಎ ಎಂದು ಶುರುವಾಗಿ ನಡುವೆ ಎಂಎಂ ಅಥವಾ ಎಂಒ ಇದ್ದರೆ ಅದು ಮೀನುಗಾರಿಕೆಯ ನೋಂದಣಿ. ಎಂಎಂ ಯಾಂತ್ರೀಕೃತ ಬೋಟು, ಎಂಒ ಮೋಟಾರು ಕೂರಿಸಿದ ದೋಣಿ. ಅದನ್ನು ತಾರಿಯ ನಂಬರೆಂದು ಬರೆದುಕೊಳ್ಳಬೇಡಿ. ಕಡವಿನ ದೋಣಿಯಲ್ಲಿ ಹುಡುಕಬೇಕಾದ್ದು ಅದರ ಹೆಸರು, ಅನುಮತಿಸಿದ ಪ್ರಯಾಣಿಕರ ಸಂಖ್ಯೆ, ನೋಂದಣಿ ಸಂಖ್ಯೆ. ಬಣ್ಣ ನಂಬಬೇಡಿ, ಮಳೆಗಾಲ ಕಳೆದು ಹೊಸ ಬಣ್ಣ ಬಳಿದರೆ ಹಳೆ ದೋಣಿ ಗುರುತೇ ಸಿಗದು. ಹಲಗೆಯ ಜೋಡಣೆ, ಕಿಟಕಿ ಕಂಬಗಳ ಎಣಿಕೆ, ಹೊಗೆ ಕೊಳವೆಯ ಜಾಗ ಬದಲಾಗುವುದು ಅಪರೂಪ.

ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗುವ ಹಡಗುಗಳಂಥ ದೊಡ್ಡವಕ್ಕೆ ಏಳಂಕಿಯ ಐಎಂಒ (ಅಂತರರಾಷ್ಟ್ರೀಯ ಕಡಲ ಸಂಸ್ಥೆಯ) ಸಂಖ್ಯೆ ಇರುತ್ತದೆ, ಹೆಸರು ಬದಲಾದರೂ ಅದು ಬದಲಾಗದು. ದೂರದಿಂದ ಓದಿದ್ದು ಸರಿಯೇ ಎಂದು ನೋಡಲು ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿಸಿ. ಮೊತ್ತದ ಕೊನೆಯ ಅಂಕಿ ಏಳನೆಯ ಅಂಕಿಯೇ ಆಗಿರಬೇಕು. 9074729ಕ್ಕೆ ಮೊತ್ತ 139, ಕೊನೆಗೆ 9, ಸರಿ ಇದೆ. ಹಡಗುಗಳು ಎಲ್ಲಿವೆ ಎಂದು ತೋರಿಸುವ ಮರೈನ್‌ಟ್ರಾಫಿಕ್‌ನಂಥ ನಕ್ಷೆಯಲ್ಲಿ ಭಾರತದ ಹಡಗಿನ ಒಂಬತ್ತಂಕಿಯ ಎಂಎಂಎಸ್‌ಐ (ರೇಡಿಯೋ ಗುರುತಿನ) ಸಂಖ್ಯೆ 419ರಿಂದ ಶುರುವಾಗುತ್ತದೆ. ಕಡವಿನ ಸಣ್ಣ ದೋಣಿಗಳನ್ನು ಅಲ್ಲಿ ಹುಡುಕಿ ಹೊತ್ತು ಕಳೆಯಬೇಡಿ.

ಫೋಟೋಕ್ಕೆ ಬೆಂಗ್ರೆ, ತಣ್ಣೀರುಬಾವಿ ಕಡವುಗಳಲ್ಲಿ ಬೆಳಿಗ್ಗೆ ಊರ ಕಡೆಯ ದಡ, ಸಂಜೆ ಕಡಲ ಕಡೆಯ ದಡ. ಸೂರ್ಯ ಬೆನ್ನಿಗಿರುತ್ತಾನೆ. ಶಟರ್ 1/500ಕ್ಕಿಂತ ನಿಧಾನ ಬೇಡ, ನೀರಗೆರೆ ಚೌಕಟ್ಟಿನೊಳಗಿರಲಿ, ಅದಿಲ್ಲದ ಚಿತ್ರದಿಂದ ಹೊರೆ ತಿಳಿಯದು. ಉಪ್ಪಿನ ಹನಿ ಕೂತ ಲೆನ್ಸನ್ನು ಒಣಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ, ಮೊದಲು ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ಪಣಂಬೂರಿನ ನವ ಮಂಗಳೂರು ಬಂದರಿನ ಒಳಗೆ, ಕಾರವಾರದ ನೌಕಾನೆಲೆಯ ಸುತ್ತ ಕ್ಯಾಮೆರಾ ಚೀಲದಿಂದ ಹೊರಗೆ ಬರುವುದೇ ಬೇಡ. ಡ್ರೋನ್ ಅಂತೂ ಅನುಮತಿಯಿಲ್ಲದೆ ಎಲ್ಲಿಯೂ ಬೇಡ.

ಪುಸ್ತಕದ ಒಂದು ಸಾಲು ಹೀಗಿರಲಿ: ದಿನಾಂಕ, ತಿಥಿ, ಕಡವು, ದೋಣಿಯ ಹೆಸರು, ಹೊರಟ ಹೊತ್ತು, ತಲುಪಿದ ಹೊತ್ತು, ಜನ, ಬೈಕು, ನೀರಿನ ಎತ್ತರ (ದಕ್ಕೆಯ ಎಷ್ಟನೆಯ ಮೆಟ್ಟಿಲು), ಹರಿವಿನ ದಿಕ್ಕು, ಸೆಳೆತ, ಗಾಳಿ, ನೀರಗೆರೆಯಿಂದ ಅಂಚಿಗೆ ಎಷ್ಟು ಸೆಂ.ಮೀ., ಟಿಕೆಟ್ ದರ. ದೋಣಿ ಹೊರಡದ ದಿನವೂ ಸಾಲು ಖಾಲಿ ಬಿಡಬೇಡಿ. "ಇಲ್ಲ" ಎಂದು ಬರೆದು ಪಕ್ಕದಲ್ಲಿ ಕಾರಣ ಹಾಕಿ: ನೆರೆ, ಗಾಳಿ, ಇಂಜಿನ್, ಹೂಳು, ಜನರಿಲ್ಲ.