ಕಾನ್ಸೆಪ್ಟ್ ಪೇಪರ್ ಬರೆಯೋದು ಹೇಗೆ: ಒಂದು ಮಳೆ ಡೈರಿ ಇಟ್ಕೊಂಡು ಹೇಳ್ತೀನಿ

ಒಳ್ಳೆ ಐಡಿಯಾ ಇರತ್ತೆ, ಕೆಲಸ ಮಾಡೋ ಹುಮ್ಮಸ್ಸೂ ಇರತ್ತೆ, ಆದ್ರೆ ಫಂಡ್ ಕೊಡೋರು "ಮೊದ್ಲು ಒಂದು ಕಾನ್ಸೆಪ್ಟ್ ಪೇಪರ್ ಕಳ್ಸಿ" ಅಂದ ತಕ್ಷಣ ಕೈ ಓಡಲ್ಲ. ಪೊನ್ನಂಪೇಟೆ ಕಡೆ ಫಾರೆಸ್ಟ್ರಿ ಓದೋ ಹುಡುಗ್ರು, ಸೋಮವಾರಪೇಟೆ ಕಡೆ ಸಣ್ಣ ಟ್ರಸ್ಟ್ ನಡೆಸೋರು, ತುಂಬಾ ಜನ ನನ್ನ ಹತ್ರ ಇದನ್ನೇ ಕೇಳ್ತಾ ಇರ್ತಾರೆ, ಅದಕ್ಕೆ ನಂಗೆ ಗೊತ್ತಿರೋದನ್ನ ಒಂದ್ಸಲ ಬಿಡಿಸಿ ಬರೀತಿದೀನಿ.

ಕಾನ್ಸೆಪ್ಟ್ ಪೇಪರ್ ಅಂದ್ರೆ ಪೂರ್ತಿ ಪ್ರಪೋಸಲ್ ಅಲ್ಲ. ಸಾಮಾನ್ಯವಾಗಿ 2ರಿಂದ 5 ಪುಟ. ಇವರು ಹೇಳ್ತಿರೋ ಸಮಸ್ಯೆ ನಿಜಾನಾ, ಇವರ ಕೈಲಿ ಆಗತ್ತಾ, ನಾವು ದುಡ್ಡು ಕೊಡೋ ವಿಷಯಕ್ಕೆ ಇದು ಹೊಂದತ್ತಾ, ಇಷ್ಟನ್ನ ಫಂಡರ್ ಹತ್ತು ನಿಮಿಷದಲ್ಲಿ ತೀರ್ಮಾನ ಮಾಡೋಕೆ ಇರೋ ಕಾಗದ ಅದು. ಹಿಡಿಸಿದ್ರೆ ಆಮೇಲೆ ಪೂರ್ತಿ ಪ್ರಪೋಸಲ್ ಕೇಳ್ತಾರೆ.

ಉದಾಹರಣೆ ಇಲ್ದೆ ಹೇಳಿದ್ರೆ ತಲೆಗೆ ಹತ್ತಲ್ಲ, ಹಂಗಾಗಿ ನಮ್ಮೂರಿಂದೇ ಒಂದು ತಗೊಳ್ಳೋಣ. ಕೊಡಗಲ್ಲಿ ಎಷ್ಟೋ ಕಾಫಿ ತೋಟದ ಮನೆಗಳಲ್ಲಿ ಮಳೆ ಡೈರಿ ಇರತ್ತೆ, ಅಂಗಳದಲ್ಲಿ ಒಂದು ಮಳೆಮಾಪಕ, ಬೆಳಿಗ್ಗೆ ಎದ್ದು ಅಳ್ದು ಇಂಚು ಸೆಂಟಲ್ಲಿ ಬರೆದಿಡೋದು, ಅಪ್ಪ ಬಿಟ್ಟ ಮೇಲೆ ಮಗ ಮುಂದುವರ್ಸೋದು. (ಹೊರಗಿನೋರಿಗೆ: 100 ಸೆಂಟ್ ಅಂದ್ರೆ 1 ಇಂಚು, ಅಂದ್ರೆ 25.4 ಮಿಲಿಮೀಟರ್.) ಈ ಡೈರಿಗಳು ಗೆದ್ದಲು ಹಿಡಿಯೋ ಮುಂಚೆ ಸ್ಕ್ಯಾನ್ ಮಾಡಿ, ಹೂಮಳೆ (ಕಾಫಿ ಹೂ ಅರಳ್ಸೋ ಬೇಸಿಗೆ ಮಳೆ) ಬರೋ ಸಮಯ ಬದಲಾಗಿದ್ಯಾ ನೋಡ್ಬೇಕು ಅಂತ ನಿಮ್ಮ ಆಸೆ ಅಂದ್ಕೊಳ್ಳಿ.

ಲ್ಯಾಪ್‌ಟಾಪ್ ತೆಗೆಯೋ ಮುಂಚೆ ಒಂದು ಹಾಳೆ ಮೇಲೆ ಒಂದೇ ಒಂದು ವಾಕ್ಯ ಬರೀರಿ, ನೀವು ಯಾವ ಪ್ರಶ್ನೆಗೆ ಉತ್ತರ ಹುಡುಕ್ತಿದೀರಿ ಅಂತ. "ಕೊಡಗಿನಲ್ಲಿ ಹವಾಮಾನ ಬದಲಾವಣೆಯ ಅಧ್ಯಯನ" ಅನ್ನೋದು ಪ್ರಶ್ನೆ ಅಲ್ಲ. "ಸೋಮವಾರಪೇಟೆ ತಾಲೂಕಲ್ಲಿ ಕಳೆದ 30 ವರ್ಷದಲ್ಲಿ ಹೂಮಳೆ ಮುಂಚೆ ಬರ್ತಿದ್ಯಾ, ಅದರ ಹಿಂದೆ ಬರ್ಬೇಕಾದ ಬ್ಯಾಕಿಂಗ್ ಮಳೆಗೆ ಎಷ್ಟು ದಿನ ಅಂತರ ಆಗ್ತಿದೆ" ಅನ್ನೋದು ಪ್ರಶ್ನೆ. (ಬ್ಯಾಕಿಂಗ್ ಮಳೆ ಅಂದ್ರೆ ಅರಳಿದ ಹೂ ಕಾಯಿ ಕಚ್ಚೋಕೆ ಬೇಕಾದ ಎರಡನೇ ಮಳೆ.) ಬರೆದಾದ ಮೇಲೆ ಅದನ್ನ ಪಕ್ಕದ ತೋಟದೋರಿಗೆ ಓದಿ ಹೇಳಿ. ಅವ್ರು "ಹೌದು, ನಮಗೂ ಅದೇ ಬೇಕಾಗಿರೋದು" ಅಂದ್ರೆ ಮುಂದುವರೀರಿ, "ಅಂದ್ರೆ ಏನು?" ಅಂದ್ರೆ ವಾಕ್ಯ ಇನ್ನೂ ಆಗಿಲ್ಲ. ನಾನು ಇದಕ್ಕೇ ಒಂದು ವಾರ ತಗೋತೀನಿ, ಉಳಿದ ಮೂರು ಪುಟಕ್ಕೆ ಎರಡು ದಿನ ಸಾಕಾಗತ್ತೆ.

ನನ್ನ ಮೊದಲನೇ ಪೇಪರಲ್ಲಿ ತಲಕಾವೇರಿಯಿಂದ ಶುರು ಮಾಡಿ, ದಕ್ಷಿಣದ ಕಾಶ್ಮೀರ ಅಂತೆಲ್ಲ ಹೇಳಿ, ಪಶ್ಚಿಮ ಘಟ್ಟದ ಜೀವವೈವಿಧ್ಯ ವರ್ಣಿಸೋದ್ರಲ್ಲೇ ಒಂದೂವರೆ ಪುಟ ಹೋಗಿತ್ತು, ಫಂಡರ್ ಕಡೆಯಿಂದ ಬಂದ ಉತ್ತರ ಒಂದೇ ಸಾಲು, ನೀವು ಏನ್ ಮಾಡ್ಬೇಕು ಅಂತಿದೀರಿ ತಿಳೀಲಿಲ್ಲ ಅಂತ. ಅವತ್ತಿಂದ ಮೊದಲ ಪ್ಯಾರಾದಲ್ಲೇ ಸಮಸ್ಯೆ ಬರೀತೀನಿ. ಮಳೆ ಡೈರಿದು ಹೀಗೆ ಶುರು ಆಗ್ಬಹುದು: ಫೆಬ್ರವರಿ-ಏಪ್ರಿಲ್ ಮಧ್ಯೆ ಬೀಳೋ ಹೂಮಳೆ ಮೇಲೆ ರೋಬಸ್ಟಾ ಕಾಫಿ ಫಸಲು ನಿಂತಿದೆ, ಅದು ತಪ್ಪಿದ್ರೆ ನೀರಿನ ಅನುಕೂಲ ಇರೋರು ಸ್ಪ್ರಿಂಕ್ಲರ್ ಹಾಕ್ತಾರೆ, ಇಲ್ದಿರೋ ಸಣ್ಣ ಬೆಳೆಗಾರ ಆಕಾಶ ನೋಡ್ತಾ ಕೂರ್ತಾನೆ. ಯಾರಿಗೆ ತೊಂದರೆ, ಯಾವಾಗ, ಯಾಕೆ, ಮೂರೂ ಬಂತು.

ಆಮೇಲೆ ಗ್ಯಾಪ್. ಈಗಾಗಲೇ ಏನು ಗೊತ್ತಿದೆ, ಯಾವುದು ಗೊತ್ತಿಲ್ಲ ಅನ್ನೋದು. ಜಾಸ್ತಿ ಪೇಪರ್ ಸೋಲೋದು ಇಲ್ಲೇ, ಯಾಕಂದ್ರೆ "ಈ ಬಗ್ಗೆ ಯಾವುದೇ ಅಧ್ಯಯನ ನಡೆದಿಲ್ಲ" ಅಂತ ಹುಡುಕ್ದೆ ಬರೆದುಬಿಡ್ತಾರೆ, ಓದೋ ಎಕ್ಸ್‌ಪರ್ಟಿಗೆ ಮೂರು ಅಧ್ಯಯನ ಗೊತ್ತಿರತ್ತೆ. ಪಿಎಚ್‌ಡಿ ಥೀಸಿಸ್‌ಗೆ ಶೋಧಗಂಗಾ, ಕೃಷಿ ವಿವಿಗಳ ಥೀಸಿಸ್‌ಗೆ ಕೃಷಿಕೋಶ, ಎರಡೂ ಫ್ರೀ ವೆಬ್‌ಸೈಟ್, ಒಂದು ಸಂಜೆ ಕೂತು ಹುಡುಕಿ. ಪೊನ್ನಂಪೇಟೆ ಅರಣ್ಯ ಕಾಲೇಜಿನ ಲೈಬ್ರರಿಗೆ ಹೋಗಿ, ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ಒಬ್ಬರನ್ನ ಕೇಳಿ, ಏಲಕ್ಕಿ ವಿಷಯ ಆದ್ರೆ ಅಪ್ಪಂಗಳದ ಸಂಶೋಧನಾ ಕೇಂದ್ರ ಇದೆ. ನಮ್ಮ ಉದಾಹರಣೆಗೆ ಗ್ಯಾಪ್ ಸ್ಪಷ್ಟವಾಗಿದೆ: ಈಗ ಗ್ರಾಮ ಪಂಚಾಯ್ತಿ ಮಟ್ಟದಲ್ಲೂ ಮಳೆಮಾಪಕ ಇವೆ, ಆದ್ರೆ ಅವು ಇತ್ತೀಚಿನವು. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಅಜಗಜಾಂತರ ಇರೋ ಜಿಲ್ಲೇಲಿ, ಒಂದೊಂದು ಬೆಟ್ಟದ ಹಳೇ ಲೆಕ್ಕ ಬೇಕು ಅಂದ್ರೆ ತೋಟದ ಡೈರಿನೇ ಗತಿ.

ಉದ್ದೇಶ ಎರಡು ಮೂರು ಸಾಕು. "ಜಾಗೃತಿ ಮೂಡಿಸುವುದು", "ಸಬಲೀಕರಣಗೊಳಿಸುವುದು" ಇವನ್ನ ದಯವಿಟ್ಟು ಬಿಡಿ, ಆಯ್ತೋ ಇಲ್ವೋ ಅಂತ ಅಳೆಯೋಕೆ ಬರಲ್ಲ. "40 ಮನೆಗಳ ಡೈರಿ ಸ್ಕ್ಯಾನ್ ಮಾಡೋದು", "ಹೂಮಳೆ ದಿನಾಂಕಗಳ ಪಟ್ಟಿ ಮಾಡಿ ಬೆಳೆಗಾರರಿಗೆ ವಾಪಸ್ ಕೊಡೋದು", ಇದಾದ್ರೆ ವರ್ಷದ ಕೊನೇಲಿ ಯಾರು ಬೇಕಾದ್ರೂ ಎಣಿಸ್ಬಹುದು.

ಈಗ ವಿಧಾನ, ಇಲ್ಲಿ ದಯವಿಟ್ಟು ಪೆನ್ ಹಿಡ್ದು ಲೆಕ್ಕ ಹಾಕಿ. 40 ಮನೆ, ಮನೆಗೆ 30 ವರ್ಷ, ವರ್ಷಕ್ಕೆ 365 ದಿನ, ಒಟ್ಟು 4,38,000 ಎಂಟ್ರಿ. ಒಬ್ಬ ಹುಡುಗ ದಿನಕ್ಕೆ 1,500 ಟೈಪ್ ಮಾಡ್ತಾನೆ ಅಂದ್ರೂ 292 ದಿನ ಬೇಕು, ರಜೆ ಎಲ್ಲಾ ಕಳೆದ್ರೆ ಒಂದು ವರ್ಷದ ಪ್ರಾಜೆಕ್ಟ್ ಟೈಪಿಂಗಿಗೇ ಹೋಗತ್ತೆ. ಆದ್ರೆ ನಮ್ಮ ಪ್ರಶ್ನೆ ಇರೋದು ಹೂಮಳೆ ಬಗ್ಗೆ ತಾನೇ, ಫೆಬ್ರವರಿಯಿಂದ ಮೇವರೆಗೆ 120 ದಿನ ಮಾತ್ರ ತಗೊಂಡ್ರೆ 1,44,000 ಎಂಟ್ರಿ, 96 ದಿನದಲ್ಲಿ ಆಗತ್ತೆ. ಪೂರ್ತಿ ಡೈರಿ ಸ್ಕ್ಯಾನ್ ಮಾಡಿ ಇಟ್ಕೊಳ್ಳಿ, ಟೈಪ್ ಮಾಡೋದು ನಾಲ್ಕೇ ತಿಂಗಳದ್ದು. ಇಲ್ಲಿ ಆಸೆ ಕಾಡತ್ತೆ, 2018ರ ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದಿದ್ದು ಯಾರೂ ಮರೆತಿಲ್ಲ, ಆಗಸ್ಟ್ ಮಳೆನೂ ಸೇರ್ಸಿದ್ರೆ ಫಂಡರ್‌ಗೆ ಚೆನ್ನಾಗಿ ಕಾಣತ್ತೆ ಅನ್ಸತ್ತೆ. ಸೇರ್ಸ್ಬೇಡಿ. ಅದು ದೊಡ್ಡ ವಿಷಯ, ಅದಕ್ಕೆ ಭೂವಿಜ್ಞಾನದೋರು ಬೇಕು, ಅದು ಬೇರೆ ಪೇಪರ್.

ಡೈರಿ ಇನ್ನೊಬ್ಬರ ಮನೆ ಆಸ್ತಿ ಅನ್ನೋದನ್ನೂ ವಿಧಾನದಲ್ಲೇ ಬರೀಬೇಕು. ಬರಹದ ಒಪ್ಪಿಗೆ ತಗೋತೀವಿ, ಮನೆಯಿಂದ ಹೊರಗೆ ಒಯ್ಯಲ್ಲ, ಅಲ್ಲೇ ಸ್ಕ್ಯಾನ್ ಮಾಡಿ ಒಂದು ಕಾಪಿ ಅವರಿಗೆ ಕೊಡ್ತೀವಿ, ಹೆಸರು ಹಾಕೋದು ಬೇಡ ಅಂದ್ರೆ ಹಾಕಲ್ಲ, ಇಷ್ಟು. ಮಳೆ ಬರೆಯೋ ಡೈರಿಲೇ ಸಾಲದ ಲೆಕ್ಕ, ಮನೆ ವಿಷಯ ಎಲ್ಲಾ ಇರತ್ತೆ ಕಣ್ರೀ, ಆ ನಂಬಿಕೆ ಒಂದ್ಸಲ ಕೆಟ್ರೆ ಆ ಊರಿಗೆ ಮುಂದೆ ಯಾವ ಸಂಶೋಧಕರೂ ಹೋಗೋಕಾಗಲ್ಲ.

ಟೈಮ್‌ಲೈನ್ ಊರಿನ ಕ್ಯಾಲೆಂಡರ್ ನೋಡಿ ಹಾಕಿ. ನವೆಂಬರಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು, ಮಧ್ಯೆ ಹುತ್ತರಿ, ಯಾರೂ ನಿಮ್ಮ ಜೊತೆ ಕೂರೋಕೆ ಸಿಗಲ್ಲ. ಜೂನ್‌ನಿಂದ ಆಗಸ್ಟ್ ಕರೆಂಟ್ ಇರಲ್ಲ, ರಸ್ತೆ ಮೇಲೆ ಮರ ಬಿದ್ದಿರತ್ತೆ. ಮನೆಗಳಿಗೆ ಹೋಗೋ ಕೆಲಸ ಮಾರ್ಚ್-ಮೇ, ಆಮೇಲೆ ಸೆಪ್ಟೆಂಬರ್-ಅಕ್ಟೋಬರ್. ಮಳೆಗಾಲ ಟೈಪಿಂಗಿಗೆ, ಅದೂ ಕರೆಂಟ್ ಇರೋ ಪೇಟೇಲಿ. ಬೆಂಗಳೂರಲ್ಲಿ ಕೂತು ಹಾಕಿದ ಟೈಮ್‌ಲೈನಲ್ಲಿ ಜುಲೈ ತಿಂಗಳ ಫೀಲ್ಡ್‌ವರ್ಕ್ ಇರತ್ತೆ, ಕೊಡಗು ಗೊತ್ತಿರೋ ರಿವ್ಯೂವರ್ ಅದನ್ನ ನೋಡಿದ ಕೂಡ್ಲೇ ಇವರು ಇಲ್ಲಿಗೆ ಬಂದಿಲ್ಲ ಅಂತ ಕಂಡುಹಿಡೀತಾರೆ.

ಬಜೆಟ್ ಈ ಹಂತದಲ್ಲಿ ಐದಾರು ಸಾಲು ಸಾಕು, ಆದ್ರೆ ಪ್ರತಿ ಸಾಲಿನ ಹಿಂದೆ ಲೆಕ್ಕ ಇರ್ಲಿ. ಮನೆಗೆ ಎರಡು ಸಲ ಅಂದ್ರೆ 80 ಭೇಟಿ, ದಿನಕ್ಕೆ ಎರಡು ಮನೆ ಅಂದ್ರೆ 40 ದಿನ ಜೀಪ್ ಬಾಡಿಗೆ. ಟೈಪ್ ಮಾಡೋನಿಗೆ 96 ದಿನದ ಸಂಬಳ. ಸ್ಕ್ಯಾನರ್, ಹಾರ್ಡ್ ಡಿಸ್ಕ್, ಕೊನೇಲಿ ಬೆಳೆಗಾರರ ಜೊತೆ ಒಂದು ಮೀಟಿಂಗ್. ಕಡಿಮೆ ತೋರಿಸಿದ್ರೆ ಬೇಗ ಸಿಗತ್ತೆ ಅಂತ ಜೀಪ್ ಬಾಡಿಗೆ ಅರ್ಧ ಮಾಡ್ಬೇಡಿ, ಆಮೇಲೆ ಕೈಯಿಂದ ಹಾಕ್ಬೇಕಾಗತ್ತೆ.

ಯಾರಿಗೆ ಕಳ್ಸೋದು ಅನ್ನೋದ್ರ ಮೇಲೆ ಒಂದೆರಡು ಸಾಲು ಬದಲಾಗತ್ತೆ. ಸರ್ಕಾರದ ವಿಜ್ಞಾನ ಫಂಡ್ ಆದ್ರೆ ಸಾಮಾನ್ಯವಾಗಿ ಕಾಲೇಜಿನ ಖಾಯಂ ಅಧ್ಯಾಪಕರು ಮುಖ್ಯ ಸಂಶೋಧಕರಾಗಿರ್ಬೇಕು, ವಿದ್ಯಾರ್ಥಿಗಳು ಅವರನ್ನ ಮೊದ್ಲೇ ಒಪ್ಪಿಸ್ಕೊಳ್ಳಿ. ಕಂಪನಿ ಸಿಎಸ್ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡೋ ದುಡ್ಡು) ಆದ್ರೆ ನಿಮ್ಮ ಟ್ರಸ್ಟು ಸಿಎಸ್ಆರ್-1 ಫಾರ್ಮ್ ತುಂಬಿ ರಿಜಿಸ್ಟರ್ ಆಗಿರ್ಬೇಕು, 2021ರ ಏಪ್ರಿಲಿಂದ ಅದು ಕಡ್ಡಾಯ, 12ಎ, 80ಜಿ ಅಂತ ಕರೆಯೋ ಆದಾಯ ತೆರಿಗೆ ವಿನಾಯ್ತಿ ನೋಂದಣಿ ಕೂಡ ಕೇಳ್ತಾರೆ. ವಿದೇಶದ ದುಡ್ಡು ಟ್ರಸ್ಟಿಗೆ ಬರ್ಬೇಕಾದ್ರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾನೂನು) ಅನುಮತಿ ಇಲ್ದೆ ಮುಟ್ಟಂಗಿಲ್ಲ. ಇದನ್ನೆಲ್ಲ ಪೇಪರ್ ಬರೆಯೋ ಮುಂಚೆ ನೋಡ್ಕೊಳ್ಳಿ, ಬರೆದ ಮೇಲೆ ಗೊತ್ತಾದ್ರೆ ಹೊಟ್ಟೆ ಉರಿಯತ್ತೆ.

ತಂಡದ ಬಗ್ಗೆ ಬಯೋಡೇಟಾ ಪೂರ್ತಿ ಬೇಡ. ಯಾರು ಯಾವ ಕೆಲಸ ಮಾಡ್ತಾರೆ, ಅದನ್ನ ಮೊದ್ಲು ಎಲ್ಲಿ ಮಾಡಿದಾರೆ, ಒಬ್ಬೊಬ್ಬರಿಗೆ ಎರಡು ಸಾಲು. ಈಗಾಗಲೇ ಐದು ಮನೆಯೋರು ಡೈರಿ ತೋರಿಸೋಕೆ ಒಪ್ಪಿದಾರೆ ಅಂತ ಬರೆಯೋಕಾದ್ರೆ ಅದು ಯಾವ ಡಿಗ್ರಿಗಿಂತ ದೊಡ್ಡದು, ಹಂಗಾಗಿ ಪೇಪರ್ ಕಳ್ಸೋ ಮುಂಚೆ ಆ ಐದು ಮನೆಗೆ ಹೋಗಿ ಕಾಫಿ ಕುಡ್ದು ಬನ್ನಿ.

ಶೀರ್ಷಿಕೆ ಕೊನೇಲಿ ಬರೀರಿ, ಊರು, ವಿಷಯ, ಅವಧಿ ಮೂರೂ ಅದರಲ್ಲಿರ್ಲಿ. ಇಂಗ್ಲಿಷಲ್ಲಿ ಕಳ್ಸ್ಬೇಕಾದ್ರೂ ಮೊದಲ ಡ್ರಾಫ್ಟ್ ಕನ್ನಡದಲ್ಲೇ ಬರ್ಕೊಳ್ಳಿ ಅಂತ ನಾನು ಎಲ್ರಿಗೂ ಹೇಳ್ತೀನಿ, ಗೊತ್ತಿಲ್ದೇ ಇರೋದನ್ನ ದೊಡ್ಡ ಪದದ ಹಿಂದೆ ಮುಚ್ಚಿಡೋಕೆ ಕನ್ನಡದಲ್ಲಿ ನಮಗೆ ಬರಲ್ಲ. ಪಿಡಿಎಫ್ ಮಾಡಿ, ಇಮೇಲಲ್ಲಿ ಆ ಮೊದಲ ದಿನದ ಒಂದು ವಾಕ್ಯ ಹಾಕಿ ಕಳ್ಸಿ. ಮೂರು ವಾರ ಉತ್ತರ ಬರ್ಲಿಲ್ಲ ಅಂದ್ರೆ ಒಂದ್ಸಲ ವಿಚಾರಿಸಿ. ಆಗಲ್ಲ ಅಂದ್ರೆ ಯಾಕೆ ಅಂತ ಎರಡು ಸಾಲು ಕೇಳಿ, ತುಂಬಾ ಜನ ಹೇಳ್ತಾರೆ, ಆ ಎರಡು ಸಾಲು ತಿದ್ದಿ ಇನ್ನೊಬ್ಬರಿಗೆ ಕಳ್ಸಿ, ಆದ್ರೆ ಡೈರಿ ತೋರಿಸ್ತೀವಿ ಅಂದ ಆ ಐದು ಮನೆಗೂ ಫೋನ್ ಮಾಡಿ ವಿಷಯ ತಿಳಿಸಿ, ಅವ್ರು ಕಾಯ್ತಾ ಇರ್ತಾರೆ.